ಅಣೆ, ಕಟ್ಟೆ, ತೂಬು, ಫೋರ್‌ಬೇ: ಶಿವನಸಮುದ್ರದ ವಿದ್ಯುದಾಗಾರಕ್ಕೆ ಯಾವ ಪದ?

ಪ್ರಶ್ನೆ, ಮಂಡ್ಯದಿಂದ:

ಎಲ್ಲರಿಗೂ ನಮಸ್ಕಾರ. ಶಿವನಸಮುದ್ರದ ಹಳೆಯ ಜಲವಿದ್ಯುದಾಗಾರದ ಬಗ್ಗೆ ಹೈಸ್ಕೂಲು ಮಕ್ಕಳಿಗೆ ಒಂದು ಕಿರುಪುಸ್ತಕ ಸಿದ್ಧವಾಗುತ್ತಿದೆ. ಆಧರಿಸಿದ ಟಿಪ್ಪಣಿಗಳೆಲ್ಲ ಇಂಗ್ಲಿಷಿನವು. ಡ್ಯಾಂ, ವಿಯರ್, ಆನಿಕಟ್ ಮೂರಕ್ಕೂ ನಿಘಂಟಿನಲ್ಲಿ 'ಅಣೆಕಟ್ಟು' ಎಂದೇ ಇದೆ. ಫೋರ್‌ಬೇಗೆ ಒಂದು ಕಡೆ 'ಮುಂಭಾಗದ ಕೊಲ್ಲಿ' ಎಂದು ಬರೆದಿದ್ದಾರೆ, ಅದು ಒಪ್ಪುವಂತಿಲ್ಲ. ಪೆನ್‌ಸ್ಟಾಕ್, ಟ್ರಾಷ್‌ರ್‍ಯಾಕ್, ಟೈಲ್‌ರೇಸ್, ಹೆಡ್ ಇವುಗಳಿಗೆ ಬಳಕೆಯಲ್ಲಿರುವ ಕನ್ನಡ ಪದಗಳಿವೆಯೇ? 'ಶಿವನಸಮುದ್ರ ಜಲಾಶಯ' ಎಂದು ಬರೆಯಬಹುದೇ? ಬಲ್ಲವರು ತಿಳಿಸಿ.

ಉತ್ತರ, ಮೈಸೂರಿನಿಂದ:

ಮೇಡಂ, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಉಳಿದದ್ದು ಅದಕ್ಕೇ ಅಂಟಿಕೊಂಡಿದೆ. 'ಶಿವನಸಮುದ್ರ ಜಲಾಶಯ' ಎಂದು ದಯವಿಟ್ಟು ಬರೆಯಬೇಡಿ. ವಿದ್ಯುದಾಗಾರಕ್ಕೆ ನೀರು ಕೊಡುವುದು ಅಲ್ಲಿನ ಅಣೆ, ಅಂದರೆ ಹೊಳೆಗೆ ಅಡ್ಡಲಾಗಿ ಕಟ್ಟಿದ ತಗ್ಗುಗೋಡೆ. ಅದು ನೀರನ್ನು ತಿಂಗಳುಗಟ್ಟಲೆ ಕೂಡಿಡುವುದಿಲ್ಲ. ಹೊಳೆಯ ಮಟ್ಟವನ್ನು ಒಂದಿಷ್ಟು ಎತ್ತಿ, ಒಂದು ಪಾಲನ್ನು ಪಕ್ಕದ ನಾಲೆಗೆ ತಿರುಗಿಸುತ್ತದೆ. ಮಿಕ್ಕಿದ್ದು ಗೋಡೆಯ ನೆತ್ತಿಯ ಮೇಲೆ ಹಾದು ಗಗನಚುಕ್ಕಿ, ಭರಚುಕ್ಕಿಗಳ ಕಡೆ ಹೋಗುತ್ತದೆ. ಇಂಥ ಅಣೆಗಳು ನಮ್ಮ ಸೀಮೆಗೆ ಹೊಸವಲ್ಲ. ತಲಕಾಡಿನ ಹತ್ತಿರ ಮಾಧವಮಂತ್ರಿ ಅಣೆ ಇದೆ. ಶ್ರೀರಂಗಪಟ್ಟಣದ ಸುತ್ತಮುತ್ತ ವಿರಿಜಾ, ಚಿಕ್ಕದೇವರಾಯಸಾಗರ, ಬಂಗಾರದೊಡ್ಡಿ ನಾಲೆಗಳಿಗೆ ನೀರು ತಿರುಗುವುದೂ ಅಣೆಗಳಿಂದಲೇ. ಇಂಗ್ಲಿಷಿನ ಆನಿಕಟ್ ಹುಟ್ಟಿದ್ದೇ ನಮ್ಮ ದ್ರಾವಿಡ ಪದದಿಂದ, ಹಾಗಾಗಿ ಅದನ್ನು ಅನುವಾದಿಸುವ ಕಷ್ಟವೇ ಇಲ್ಲ, 'ಅಣೆ' ಎಂದು ಮನೆಗೆ ಕರೆದುಕೊಂಡರೆ ಆಯಿತು.

ನೀರನ್ನು ಕೂಡಿಡುವುದಕ್ಕೆ ನಮ್ಮವರು ಹೇಳುವ ಮಾತು 'ಕಟ್ಟೆ'. ಕನ್ನಂಬಾಡಿ ಕಟ್ಟೆ, ಅಂದರೆ ಕೃಷ್ಣರಾಜಸಾಗರ (ಕೆಆರ್‌ಎಸ್). ಮಂಡ್ಯದ ರೈತರು 'ಕಟ್ಟೆ ತುಂಬಿತು' ಎನ್ನುತ್ತಾರೆ, ಅಣೆಯಾದರೆ 'ಅಣೆ ಮೇಲೆ ನೀರು ಹೋಗ್ತಾ ಇದೆ' ಎನ್ನುತ್ತಾರೆ. ಒಂದು ತುಂಬುವುದು, ಇನ್ನೊಂದು ಹಾಯುವುದು. ಪತ್ರಿಕೆಗಳು ಎರಡಕ್ಕೂ 'ಅಣೆಕಟ್ಟೆ' ಎಂದು ಬರೆದು ಈ ಭೇದವನ್ನು ಅಳಿಸಿಬಿಟ್ಟಿವೆ. ಪಠ್ಯದಲ್ಲಿ ಅದನ್ನು ಉಳಿಸಲೇಬೇಕು, ಏಕೆಂದರೆ ಈ ಭೇದ ಗೊತ್ತಿಲ್ಲದಿದ್ದರೆ ಶಿವನಸಮುದ್ರದ ಇತಿಹಾಸವೇ ಮಕ್ಕಳಿಗೆ ಅರ್ಥವಾಗುವುದಿಲ್ಲ.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆ ಅದು. ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅದನ್ನು ಮುಂದೆ ನಿಂತು ನಡೆಸಿದರು. 1902ರ ಜೂನ್ 30ರಂದು ಅಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಆಗ ಇದ್ದದ್ದು 720 ಕಿಲೋವಾಟಿನ 6 ಯಂತ್ರ, ಒಟ್ಟು 4,320 ಕಿಲೋವಾಟ್. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ.

ಇಷ್ಟಕ್ಕೆ ಎಷ್ಟು ನೀರು ಬೇಕು ಎಂಬ ಲೆಕ್ಕವನ್ನು ಪುಸ್ತಕದಲ್ಲಿ ಕೊಡಿ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ತೂಕದಲ್ಲಿ 62.4 ಪೌಂಡು. ಅಲ್ಲಿ ನೀರು ಬೀಳುವ ಎತ್ತರ ಸುಮಾರು 400 ಅಡಿ. 62.4ನ್ನು 400ರಿಂದ ಗುಣಿಸಿ 550ರಿಂದ ಭಾಗಿಸಿದರೆ ಸುಮಾರು 45 ಅಶ್ವಶಕ್ತಿ ಬರುತ್ತದೆ. ಪೈಪು, ಟರ್ಬೈನು, ಜನರೇಟರುಗಳಲ್ಲಿ ಐದರಲ್ಲೊಂದು ಪಾಲು ಸೋರುತ್ತದೆಂದು ಹಿಡಿದರೆ ಕೈಗೆ ಸಿಗುವುದು 36 ಅಶ್ವಶಕ್ತಿ, ಅಂದರೆ 27 ಕಿಲೋವಾಟ್. 4,320 ಕಿಲೋವಾಟಿಗೆ ಸುಮಾರು 160 ಕ್ಯೂಸೆಕ್ ಬೇಕು. ಮಳೆಗಾಲದ ಕಾವೇರಿಗೆ ಇದು ಏನೇನೂ ಅಲ್ಲ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗಲೇ ತೊಂದರೆ. ಗಣಿಯ ಪಂಪುಗಳು ಬೇಸಿಗೆಯಲ್ಲೂ ಓಡಲೇಬೇಕು, ನಿಂತರೆ ಸುರಂಗದಲ್ಲಿ ನೀರು ತುಂಬುತ್ತದೆ. ಯಂತ್ರಗಳ ಸಂಖ್ಯೆ ಹೆಚ್ಚಿದಂತೆ ಈ ಕೊರತೆಯೂ ಹೆಚ್ಚಿತು. ಅಣೆಯಲ್ಲಿ ಕೂಡಿಟ್ಟ ನೀರಿಲ್ಲ, ಆದ್ದರಿಂದ ಮೇಲ್ಗಡೆ ಒಂದು ಕಟ್ಟೆ ಬೇಕಾಯಿತು.

ಅದೇ ಕನ್ನಂಬಾಡಿ. 1911ರಲ್ಲಿ ಕೆಲಸ ಶುರುವಾದಾಗ ಮುಖ್ಯ ಎಂಜಿನಿಯರ್ ಆಗಿದ್ದವರು ವಿಶ್ವೇಶ್ವರಯ್ಯ. ಶಿವನಸಮುದ್ರಕ್ಕೆ ವರ್ಷವಿಡೀ ನೀರು ಸಿಗಬೇಕೆಂಬುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದು. ಮಂಡ್ಯದ ಗದ್ದೆಗಳಿಗಾಗಿಯೇ ಕಟ್ಟಿದ್ದೆಂದು ಅನೇಕರು ತಿಳಿದಿದ್ದಾರೆ, ಅದು ಅರ್ಧ ಮಾತ್ರ ನಿಜ. ಮದರಾಸು ಸರ್ಕಾರ ತಕರಾರು ತೆಗೆದದ್ದರಿಂದ ಮೊದಲ ಹಂತಕ್ಕೆ ಒಪ್ಪಿಗೆ ಸಿಕ್ಕಿದ್ದು 80 ಅಡಿಗೆ. ಪಾಯವನ್ನು ಮಾತ್ರ ಪೂರ್ತಿ ಎತ್ತರಕ್ಕೆ ಬೇಕಾದ ಅಗಲದಲ್ಲೇ ಹಾಕಲಾಯಿತು. 1924ರಲ್ಲಿ ಮದರಾಸಿನೊಂದಿಗೆ ಒಪ್ಪಂದವಾದ ನಂತರ ಕಟ್ಟೆ ಪೂರ್ತಿ ಎತ್ತರಕ್ಕೆ ಏರಿತು. ಕಟ್ಟಿದ್ದು ಕಲ್ಲು ಮತ್ತು ಸುರ್ಕಿ ಗಾರೆಯಿಂದ, 'ಸಿಮೆಂಟಿನ ಕಟ್ಟೆ' ಎಂದು ಬರೆಯಬೇಡಿ. ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ನುಣ್ಣನೆಯ ಪುಡಿ. ಸುಣ್ಣದ ಜೊತೆ ಅರೆದಾಗ ಅದು ನೀರಿನೊಳಗೂ ಗಟ್ಟಿಯಾಗುತ್ತದೆ. ನಿಧಾನಕ್ಕೆ ಗಟ್ಟಿಯಾಗುವುದರಿಂದ ಒಳಗೆ ಬಿಸಿ ಕಡಿಮೆ, ಬಿರುಕೂ ಕಡಿಮೆ.

ತೂಬು ಮತ್ತು ಕೋಡಿಯ ವಿಷಯ. ಕೆರೆಗೆ ಇವೆರಡೂ ಇರುತ್ತವೆ. ತೂಬು ಏರಿಯ ಬುಡದಲ್ಲಿದ್ದು ಬೇಕಾದಾಗ ಬೇಕಾದಷ್ಟು ನೀರು ಬಿಡುವ ಬಾಯಿ. ಕೋಡಿ ತುಂಬಿ ಹೆಚ್ಚಾದ ನೀರು ತಾನಾಗಿ ಹರಿದುಹೋಗುವ ಜಾಗ. ಕನ್ನಂಬಾಡಿಯಲ್ಲಿ ತಾನಾಗಿ ಮೇಲಿಂದ ಹರಿಯುವ ಕೋಡಿ ಇಲ್ಲ, ಪ್ರವಾಹದ ನೀರೂ ಬೇರೆಬೇರೆ ಮಟ್ಟದ ಗೇಟುಗಳ ಮೂಲಕವೇ ಹೋಗಬೇಕು. ಹಾಗಾಗಿ 'ಕೆಆರ್‌ಎಸ್ ಕೋಡಿ ಬಿತ್ತು' ಎನ್ನುವುದು ಸರಿಯಲ್ಲ, 'ಗೇಟು ಎತ್ತಿದರು' ಎನ್ನುವುದೇ ಸರಿ. ಗೇಟುಗಳನ್ನು ಗುರುತಿಸುವುದು ಅವುಗಳ ಹೊಸ್ತಿಲಿನ ಮಟ್ಟದಿಂದ, '80 ಅಡಿ ಗೇಟು' ಎಂದ ಹಾಗೆ. ಇಂಗ್ಲಿಷಿನ ಸಿಲ್‌ಗೆ 'ಹೊಸ್ತಿಲು' ಬಹಳ ಚೆನ್ನಾಗಿ ಕೂರುತ್ತದೆ. ಗೇಟಿನ ಕೆಳ ಅಂಚು ಬಂದು ಕೂರುವ ಜಾಗ ಅದು. ಅಲ್ಲಿ ಕಲ್ಲೋ ಕೊಂಬೆಯೋ ಸಿಕ್ಕಿಕೊಂಡರೆ ಗೇಟು ಪೂರ್ತಿ ಇಳಿಯದೆ ಸಂದಿಯಲ್ಲಿ ನೀರು ಚಿಮ್ಮುತ್ತದೆ, ಚಿಮ್ಮಿದ ನೀರು ಹೊಸ್ತಿಲನ್ನೇ ಕೊರೆಯುತ್ತದೆ.

ಕನ್ನಂಬಾಡಿ ತುಂಬಿದಾಗ ದಿನಪತ್ರಿಕೆಯಲ್ಲಿ ಬರುವ '124.80 ಅಡಿ' ನೀರಿನ ಆಳವಲ್ಲ, ಸಮುದ್ರಮಟ್ಟದಿಂದ ಅಳೆದದ್ದೂ ಅಲ್ಲ. ಹೊಳೆಯ ತಳದ ಬಳಿ ಗೊತ್ತುಮಾಡಿದ ಸೊನ್ನೆಯಿಂದ ಅಳೆದ ಮಟ್ಟ. ಆ ಮಟ್ಟದಲ್ಲಿ ಹಿಡಿಯುವ ನೀರು 49.45 ಟಿಎಂಸಿ. ಒಂದು ಟಿಎಂಸಿ ನೂರು ಕೋಟಿ ಘನ ಅಡಿ. ಇಡೀ ದಿನ 11,574 ಕ್ಯೂಸೆಕ್ ಒಂದೇ ಸಮ ಹರಿದರೆ ಒಂದು ಟಿಎಂಸಿ ಆಗುತ್ತದೆ. ಕ್ಯೂಸೆಕ್ ಹರಿವಿನ ಅಳತೆ, ಟಿಎಂಸಿ ರಾಶಿಯ ಅಳತೆ. 'ದಿನಕ್ಕೆ 10,000 ಕ್ಯೂಸೆಕ್' ಎಂದು ಬರೆಯುವುದು ತಪ್ಪು, 'ಸೆಕೆಂಡಿಗೆ' ಎಂಬುದು ಆ ಪದದೊಳಗೇ ಇದೆ.

ಇನ್ನು ವಿದ್ಯುದಾಗಾರದ ಪದಗಳು. ಫೋರ್‌ಬೇಗೆ 'ಮುಂಗೊಳ', ಯಂತ್ರಕ್ಕೆ ನೀರು ಇಳಿಸುವ ದೊಡ್ಡ ಪೈಪಾದ ಪೆನ್‌ಸ್ಟಾಕಿಗೆ 'ಇಳಿಗೊಳವೆ', ಟ್ರಾಷ್‌ರ್‍ಯಾಕಿಗೆ 'ಕಸದ ಜಾಲರಿ', ಹೆಡ್‌ಗೆ 'ಬೀಳುವ ಎತ್ತರ' ಎಂದು ನನ್ನ ಸಲಹೆ. ಯಂತ್ರದ ಹತ್ತಿರ ಕೆಲಸ ಬಲ್ಲವರು ತಿದ್ದಲಿ.

ಉತ್ತರ, ಮಳವಳ್ಳಿಯಿಂದ:

ಸರ್, ಅಣೆ ಕಟ್ಟೆಗಳ ಬಗ್ಗೆ ನೀವು ಬರೆದದ್ದಕ್ಕೆ ಪೂರ್ತಿ ಸಹಮತ. 'ಮುಂಗೊಳ' ಮಾತ್ರ ಬೇಡ. ಕೊಳ ಅಂದರೆ ಓದುವವರ ಮನಸ್ಸಿಗೆ ಬರುವುದು ನಿಂತ ನೀರು. ಫೋರ್‌ಬೇಯಲ್ಲಿ ನೀರು ನಿಲ್ಲುವುದಿಲ್ಲ, ವೇಗ ಇಳಿಸಿಕೊಂಡು ಸಾಗುತ್ತದೆ. ವಿದ್ಯುದಾಗಾರವಿರುವ ಬ್ಲಫ್‌ನಲ್ಲಿ ಎಲ್ಲರೂ ಹೇಳುವುದು ಫೋರ್‌ಬೇ ಎಂದೇ. ಪುಸ್ತಕದಲ್ಲೂ ಹಾಗೇ ಇಟ್ಟು, ಮೊದಲ ಸಲ ಬಂದಾಗ ಅದು ಮಾಡುವ ಕೆಲಸವನ್ನು ಎರಡು ಸಾಲಿನಲ್ಲಿ ಹೇಳುವುದು ಒಳ್ಳೆಯದು: ನಾಲೆಯ ಕೊನೆಯಲ್ಲಿ, ಪೈಪುಗಳ ಬಾಯಿಯ ಮುಂದೆ ಅಗಲವಾಗಿ ಆಳವಾಗಿ ಕಟ್ಟಿದ ತೊಟ್ಟಿ, ನಾಲೆ ತರುವ ನೀರಿಗೂ ಯಂತ್ರ ಕುಡಿಯುವ ನೀರಿಗೂ ನಡುವಿನ ಹೆಚ್ಚುಕಡಿಮೆಯನ್ನು ತಾಳಿಕೊಳ್ಳುವ ಜಾಗ.

ಈ ಹೆಚ್ಚುಕಡಿಮೆ ಏಕೆ ಬರುತ್ತದೆ ಎಂಬುದನ್ನು ಬಿಡಬೇಡಿ. ಲೈನಿನಲ್ಲಿ ದೋಷವಾಗಿ ಲೋಡು ಒಮ್ಮೆಲೇ ಕಳಚಿತು ಎನ್ನಿ. ಟರ್ಬೈನಿನ ವೇಗ ಏರದಂತೆ ಗವರ್ನರ್ ಎಂಬ ವೇಗನಿಯಂತ್ರಕ ನೀರನ್ನು ಕಡಿತ ಮಾಡುತ್ತದೆ. ನಾಲೆಗೆ ಅದು ಗೊತ್ತಿಲ್ಲ, ಮೇಲಿನ ಗೇಟು ಇಳಿಸುವವರೆಗೂ ಮತ್ತು ದಾರಿಯಲ್ಲಿದ್ದ ನೀರು ಮುಗಿಯುವವರೆಗೂ ತರುತ್ತಲೇ ಇರುತ್ತದೆ. ಫೋರ್‌ಬೇ ತುಂಬಿ ಪಕ್ಕದ ತಗ್ಗುಗೋಡೆಯ ಮೇಲೆ ಹರಿದುಹೋಗುತ್ತದೆ. ಆ ಗೋಡೆಗೆ 'ಕೋಡಿ' ಎಂದು ಧಾರಾಳವಾಗಿ ಬರೆಯಿರಿ, ಕೆರೆಯ ಕೋಡಿ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಲೋಡು ದಿಢೀರನೆ ಏರಿದಾಗ ತಿರುವುಮುರುವು. ಫೋರ್‌ಬೇ ಮಟ್ಟ ಕುಸಿದು ಪೈಪಿನ ಬಾಯಿಯ ಮೇಲೆ ಸುಳಿ ಏಳುತ್ತದೆ. ಸುಳಿಯ ಜೊತೆ ಗಾಳಿ ಒಳಗೆ ಹೋದರೆ ಯಂತ್ರ ಅದುರುತ್ತದೆ, ಉತ್ಪಾದನೆ ಏರಿಳಿಯುತ್ತದೆ. ಆಗ ಮಾಡಬೇಕಾದದ್ದು ಲೋಡು ಇಳಿಸುವುದು.

'ಕಸದ ಜಾಲರಿ' ಚೆನ್ನಾಗಿದೆ. ಜಾಲರಿಯ ಹಿಂದೆ ಮತ್ತು ಮುಂದೆ ಎರಡು ಅಳತೆಪಟ್ಟಿ ಇಟ್ಟಿರಬೇಕು. ಎರಡರ ಮಟ್ಟದಲ್ಲಿ ಅಂತರ ಹೆಚ್ಚುತ್ತಾ ಹೋದರೆ ಕಸ ಕಟ್ಟಿದೆ ಎಂದರ್ಥ. ಹೊಸ ನೀರು ಬಂದಾಗ ಕೊಂಬೆ, ಎಲೆ, ಕತ್ತೆಕಿವಿ ಗಿಡ ಎಲ್ಲ ಬಂದು ಅಡರುತ್ತವೆ. ಬಾಚದೆ ಬಿಟ್ಟರೆ ಬೀಳುವ ಎತ್ತರ ಅಷ್ಟಷ್ಟೇ ನಷ್ಟ, ತೀರಾ ಹೆಚ್ಚಾದರೆ ನೀರಿನ ಒತ್ತಡಕ್ಕೆ ಸರಳುಗಳೇ ಬಾಗುತ್ತವೆ. ಜಾಲರಿ ದಾಟುವ ಮರಳಿನದು ಬೇರೆ ಕಾಟ. ಅದು ಟರ್ಬೈನಿನಲ್ಲಿ ತಿರುಗುವ ಚಕ್ರವಾದ ರನ್ನರಿನ ಅಲಗುಗಳನ್ನು ಸವೆಸುತ್ತದೆ, ಸವೆದ ಅಲಗು ಅಷ್ಟೇ ನೀರಿಗೆ ಕಡಿಮೆ ಕರೆಂಟು ಕೊಡುತ್ತದೆ.

ಪೆನ್‌ಸ್ಟಾಕಿಗೆ 'ಇಳಿಗೊಳವೆ' ಒಪ್ಪಿಗೆ, ಆದರೆ ಪೆನ್‌ಸ್ಟಾಕ್ ಪದವೂ ಜೊತೆಗಿರಲಿ. ವಾಟರ್ ಹ್ಯಾಮರ್‌ಗೆ 'ನೀರಿನ ಸುತ್ತಿಗೆ' ಎಂದು ಬರೆದರೆ ಮಕ್ಕಳು ಯಾವುದೋ ಸಲಕರಣೆ ಎಂದುಕೊಳ್ಳುತ್ತಾರೆ. 'ನೀರಿನ ಗುದ್ದು' ಎನ್ನಿ, ಓಡುವ ನೀರನ್ನು ಒಮ್ಮೆಲೇ ತಡೆದಾಗ ಪೈಪಿನಲ್ಲಿ ಏಳುವ ಒತ್ತಡ ಅದು. ಉಕ್ಕಿನ ಪೈಪಿನೊಳಗೆ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 1,000 ಮೀಟರ್ ಓಡುತ್ತದೆ. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬರುತ್ತಿರುವ ನೀರನ್ನು ಒಂದೇ ಏಟಿಗೆ ತಡೆದರೆ ಒತ್ತಡ ಸುಮಾರು 300 ಮೀಟರ್ ಎತ್ತರದ ನೀರಿನಷ್ಟು ಏರುತ್ತದೆ. ಬ್ಲಫ್‌ನಲ್ಲಿ ನೀರು ನಿಂತಿದ್ದಾಗಿನ ಒತ್ತಡ 120 ಮೀಟರಿನ ಆಸುಪಾಸು, ಅಂದರೆ ಗುದ್ದು ಅದರ ಎರಡೂವರೆ ಪಟ್ಟು. ವಾಲ್ವನ್ನು ನಿಧಾನಕ್ಕೆ ಮುಚ್ಚುವುದು ಇದಕ್ಕೇ.

ಖಾಲಿ ಪೈಪನ್ನು ತುಂಬುವ ಕ್ರಮವೂ ಒಂದೆರಡು ಸಾಲು ಇರಲಿ. ದೊಡ್ಡ ಗೇಟನ್ನು ನೇರ ಎತ್ತುವುದಿಲ್ಲ. ಕೆಳಗಿನ ಮುಖ್ಯ ವಾಲ್ವು ಮುಚ್ಚಿದೆಯೇ ನೋಡಿ, ಬೈಪಾಸಿನ ಚಿಕ್ಕ ದಾರಿಯಿಂದ ನೀರು ಬಿಟ್ಟು, ಗಾಳಿಕೊಳವೆಯಿಂದ ಗಾಳಿ ಪೂರ್ತಿ ಹೊರಟು ಎರಡೂ ಕಡೆ ಒತ್ತಡ ಸಮವಾದ ಮೇಲೆ ಗೇಟು ಎತ್ತುತ್ತಾರೆ. ಖಾಲಿ ಮಾಡುವಾಗಲೂ ಗಾಳಿಕೊಳವೆ ತೆರೆದಿರಬೇಕು. ಅದು ಕಟ್ಟಿಕೊಂಡಿದ್ದರೆ ಒಳಗೆ ನಿರ್ವಾತವಾಗಿ, ಹೊರಗಿನ ಗಾಳಿಯ ಒತ್ತಡಕ್ಕೆ ಉಕ್ಕಿನ ಪೈಪು ಒಳಕ್ಕೆ ಕುಸಿಯುತ್ತದೆ. ಒಳಗಿನ ಒತ್ತಡವನ್ನು ತಾಳಲೆಂದು ಮಾಡಿದ ಪೈಪಿಗೆ ಹೊರಗಿನ ಒತ್ತಡ ತಾಳುವ ಶಕ್ತಿ ಕಡಿಮೆ.

ಟೈಲ್‌ರೇಸಿಗೆ ಯಾರೂ ಪದ ಹೇಳಿಲ್ಲ. 'ಬಿಡುನಾಲೆ' ಆಗಬಹುದು, ಯಂತ್ರದಿಂದ ಬಿಟ್ಟ ನೀರು ಮತ್ತೆ ಹೊಳೆ ಸೇರುವ ನಾಲೆ. ಹೆಡ್‌ಗೆ 'ಬೀಳುವ ಎತ್ತರ' ಎಂದು ಬರೆಯುವಾಗ ಅಳೆಯಬೇಕಾದದ್ದು ಫೋರ್‌ಬೇ ಮಟ್ಟದಿಂದ ಬಿಡುನಾಲೆಯ ಮಟ್ಟದವರೆಗೆ ಎಂದು ತಿಳಿಸಿ. ಇದರಲ್ಲಿ ಒಂದು ಸ್ವಾರಸ್ಯವಿದೆ. ಪ್ರವಾಹ ಬಂದಾಗ ಕಮರಿಯಲ್ಲಿ ಹೊಳೆ ಏರಿ, ಬಿಡುನಾಲೆಯ ನೀರು ಹಿಂದಕ್ಕೆ ಒತ್ತುತ್ತದೆ, ಬೀಳುವ ಎತ್ತರ ಕಡಿಮೆಯಾಗುತ್ತದೆ. ಮೇಲೆ ಬೇಕಾದಷ್ಟು ನೀರಿದ್ದೂ ಉತ್ಪಾದನೆ ಇಳಿಯುವುದು ಹೀಗೆ.

ಮೇಡಂ, ಶಿಂಷಾ ವಿದ್ಯುದಾಗಾರವನ್ನು ಸೇರಿಸುವುದಾದರೆ ಅದು 1940ರದ್ದು, 17.2 ಮೆಗಾವಾಟಿನದು; ಅಲ್ಲಿ ಯಂತ್ರ ತಿರುಗಿಸುವ ನೀರು ಕಾವೇರಿಯದು, ಬಿಡುವುದು ಶಿಂಷಾ ಹೊಳೆಗೆ. ಚಿತ್ರದಲ್ಲಿ ಎರಡು ಹೊಳೆಗಳನ್ನೂ ಬರೆಸಿ.