ಹೊಸ ಕಾರಿಗೆ ಮೊದಲ ಗೀರು: ಟಿಂಕರಿಂಗ್ ಅಣ್ಣನನ್ನು ಕೇಳಿ

ಅಡ್ಮಿನ್: ದಸರಾ ಮುಗಿದ ಮೇಲೆ ಗುಂಪಿನಲ್ಲಿ ಬರೀ ಗೀರಿನ ಫೋಟೋಗಳೇ ಬರುತ್ತಿವೆ. ಶಿವಮೊಗ್ಗದಲ್ಲಿ 26 ವರ್ಷದಿಂದ ಟಿಂಕರಿಂಗ್ (ನೆಗ್ಗಿದ ತಗಡು ಸರಿಮಾಡುವ ಕೆಲಸ), ಪೇಂಟಿಂಗ್ ಅಂಗಡಿ ನಡೆಸುತ್ತಿರುವ ನಮ್ಮ ಸದಸ್ಯರೊಬ್ಬರು ಇವತ್ತು ಬಿಡುವಾದಾಗ ಉತ್ತರ ಕೊಡಲು ಒಪ್ಪಿದ್ದಾರೆ. ಹೆಸರು, ನಂಬರ್ ಪ್ಲೇಟ್ ಬೇಡ. ಕಾರು, ಊರು ಹಾಕಿ ಕೇಳಿ. ಮೊದಲು ಮೇಲಿನದ್ದನ್ನು ಓದಿ, ಆಮೇಲೆ ಕೇಳಿ.

ಬಿಳಿ ಬಲೆನೋ, ಹಾಸನ: ಅಣ್ಣ, ಕಾರು ತಗೊಂಡು 19 ದಿನ. ಮೊನ್ನೆ ನಮ್ಮ ಮನೆ ಗೇಟಿನ ಚಿಲಕವೇ ಹಿಂದಿನ ಬಾಗಿಲಿಗೆ ತಾಗಿ ಒಂದು ಗೇಣು ಗೀರು ಬಿದ್ದಿದೆ. ರಾತ್ರಿ ಎರಡು ಸಲ ಎದ್ದು ಟಾರ್ಚ್ ಬಿಟ್ಟು ನೋಡಿ ಬಂದೆ. ಮನೆಯವಳು ನಗುತ್ತಾಳೆ. ಊಟ ಸೇರುತ್ತಿಲ್ಲ ಅಂದರೆ ನೀವೂ ನಗಬೇಡಿ.

ಟಿಂಕರಿಂಗ್ ಅಣ್ಣ: ನಗಲ್ಲ. ಮೊದಲು ಟಾರ್ಚ್ ಒಳಗಿಡಿ. ಟಾರ್ಚ್ ಬಿಟ್ಟರೆ ಷೋರೂಮಿನಲ್ಲಿ ನಿಂತ ಕಾರಿನಲ್ಲೂ ಗೀರು ಕಾಣುತ್ತದೆ. ಬೆಳಿಗ್ಗೆ ಕಾರ್ ಶಾಂಪೂ ಹಾಕಿ ತೊಳೆದು, ಒಣಗಿದ ಮೇಲೆ ಉಗುರನ್ನು ಗೀರಿಗೆ ಅಡ್ಡಡ್ಡ ನಿಧಾನವಾಗಿ ಎಳೆಯಿರಿ. ಉಗುರು ಜಾರಿ ಹೋದರೆ ಗೀರು ಮೇಲಿನ ಕ್ಲಿಯರ್ ಕೋಟ್‌ನಲ್ಲೇ, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರದಲ್ಲೇ ಇದೆ, ಪಾಲಿಷ್ ಮಾಡಿದರೆ ಹೋಗುತ್ತದೆ. ಸಿಕ್ಕಿಕೊಂಡರೆ ಕೆಳಗೆ ಇಳಿದಿದೆ. ಒಳಗೆ ಬೂದು ಕಂಡರೆ ಬಣ್ಣದ ಕೆಳಗೆ ಹೊಡೆಯುವ ಪ್ರೈಮರ್, ಹೊಳಪು ಕಂಡರೆ ತಗಡು. ಇನ್ನೊಂದು ಮಾತು, ಗೇಟಿಗೆ ತಾಗಿದ ಎಷ್ಟೋ ಕಾರುಗಳಲ್ಲಿ ಕಾಣುವುದು ಕಾರಿನ ಗೀರೇ ಅಲ್ಲ, ಗೇಟಿನ ಬಣ್ಣ ಬಂದು ಅಂಟಿರುತ್ತದೆ.

ಗ್ರೇ ಐ20, ಬೆಂಗಳೂರು: ಸರ್, ಟೂತ್‌ಪೇಸ್ಟ್ ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿದರೆ ಎಂಥಾ ಗೀರೂ ಮಾಯ ಅಂತ ವಿಡಿಯೋ ಬಂದಿದೆ. ನಿಜಾನಾ?

ಟಿಂಕರಿಂಗ್ ಅಣ್ಣ: ಅದೇ ವಿಡಿಯೋ ನನಗೂ ಬಂದಿದೆ, ನನ್ನ ಭಾವಮೈದುನನೇ ಕಳಿಸಿದ್ದಾನೆ. ಪೇಸ್ಟಿನಲ್ಲಿ ಹಲ್ಲು ಉಜ್ಜುವ ಪುಡಿ ಇರುತ್ತದೆ. ಅದು ಗೀರಿನ ಅಂಚನ್ನು ಸ್ವಲ್ಪ ಸವೆಸುತ್ತದೆ, ಉಳಿದ ಗೀರಿಗೆ ಪೇಸ್ಟ್ ತುಂಬಿಕೊಂಡು ಎರಡು ದಿನ ಚೆನ್ನಾಗಿ ಕಾಣುತ್ತದೆ. ಒಂದು ಮಳೆ ಬಂದರೆ ಗೀರು ವಾಪಸ್. ಜೊತೆಗೆ ಸುತ್ತ ಅಂಗೈ ಅಗಲ ಮಬ್ಬು. ಕಂಪನಿ ಬಣ್ಣ ಎಲ್ಲ ಪದರ ಸೇರಿ 100ರಿಂದ 140 ಮೈಕ್ರಾನ್, ಅಂದರೆ ಎರಡು ಕೂದಲಿನ ದಪ್ಪ. ಅದರಲ್ಲಿ ಮೇಲಿನ ಕ್ಲಿಯರ್ ಕೋಟ್ 40ರ ಆಸುಪಾಸು. ಒಂದು ಸಲ ಉಜ್ಜಿ ತೆಗೆದದ್ದು ವಾಪಸ್ ಬೆಳೆಯಲ್ಲ. ಉಗುರುಬಣ್ಣ ಅಳಿಸುವ ದ್ರಾವಣ ಹಚ್ಚಿ ಬಂದವರನ್ನೂ ನೋಡಿದ್ದೇನೆ. ಅದು ಗೀರನ್ನಲ್ಲ, ಬಣ್ಣವನ್ನೇ ಕರಗಿಸುತ್ತದೆ. ಪಾತ್ರೆ ಉಜ್ಜುವ ಸ್ಕ್ರಬ್ಬರ್, ಸೀಮೆಎಣ್ಣೆ, ಬೂದಿ, ಯಾವುದೂ ಬೇಡ.

ಬಿಳಿ ಬ್ರೆಝಾ, ತುಮಕೂರು: ಆಯುಧಪೂಜೆಗೆ ಬಾನೆಟ್ ಮೇಲೆ ಹಚ್ಚಿದ ಅರಿಶಿನದ ಕಲೆ ಹೋಗುತ್ತಿಲ್ಲ.

ಟಿಂಕರಿಂಗ್ ಅಣ್ಣ: ಬಿಸಿಲಿಗೆ ನಿಲ್ಲಿಸಿ, ಅರಿಶಿನ ತಾನೇ ಮಾಸುತ್ತದೆ. ಕುಂಕುಮ ಇದ್ದರೆ ಒಣಗಿದ್ದನ್ನು ಉಜ್ಜಬೇಡಿ, ನೀರು ಬಿಟ್ಟು ತೊಳೆಯಿರಿ.

ಬೂದು ಡಿಜೈರ್, ದಾವಣಗೆರೆ: ನಮಸ್ಕಾರ. ನಾನು ನಿವೃತ್ತ ಮೇಷ್ಟ್ರು, ಇದು ನನ್ನ ಮೊದಲ ಕಾರು. ಬುಧವಾರ ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನಿಂದ ಒಂದು ಲಗೇಜ್ ಆಟೋ ಬಂದು ತಾಗಿತು. ಹುಡುಗ ಕೈ ಮುಗಿದ, ಬಿಟ್ಟು ಕಳಿಸಿದೆ. ಬಂಪರ್ ಮೇಲೆ ಎರಡಿಂಚು ಗೀರು, ಬೇರೇನೂ ಇಲ್ಲ. ಹಿಂದಿನ ಡಿಕ್ಕಿಯ ಬಾಗಿಲು ಮಾತ್ರ ಸ್ವಲ್ಪ ಜೋರಾಗಿ ಹಾಕಬೇಕಾಗುತ್ತದೆ. ಗೀರಿಗೆ ಬಣ್ಣ ತುಂಬುವ ಟಚಪ್ ಪೆನ್ ಸಾಕಾಗುತ್ತದೆಯೇ?

ಟಿಂಕರಿಂಗ್ ಅಣ್ಣ: ಮೇಷ್ಟ್ರೇ, ಪೆನ್ನಿನ ವಿಷಯ ಬಿಡಿ. ಡಿಕ್ಕಿ ಮೊದಲಿನಿಂದಲೂ ಜೋರಾಗಿ ಹಾಕಬೇಕಿತ್ತಾ, ಬುಧವಾರದಿಂದಲಾ?

ಬೂದು ಡಿಜೈರ್, ದಾವಣಗೆರೆ: ಬುಧವಾರದಿಂದಲೇ. ಮೊದಲು ಒಂದೇ ಕೈಯಲ್ಲಿ ಒತ್ತಿದರೆ ಕೂರುತ್ತಿತ್ತು.

ಕಪ್ಪು ಕ್ರೆಟಾ, ಬೆಂಗಳೂರು: ಸುಮ್ನೆ ಇನ್ಶೂರೆನ್ಸ್ ಕ್ಲೇಮ್ ಮಾಡಿ ಸರ್, ದುಡ್ಡು ಕಟ್ಟೋದು ಅದಕ್ಕೇ ಅಲ್ವಾ. ನಾನು ಸಣ್ಣ ಗೀರಿಗೂ ಮಾಡಿಸುತ್ತೇನೆ.

ಬೆಳ್ಳಿ ವ್ಯಾಗನಾರ್, ಮೈಸೂರು: ಸಣ್ಣ ಗೀರಿಗೆ ಕ್ಲೇಮ್ ಮಾಡುವುದು ದಡ್ಡತನ. ಲೆಕ್ಕ ಹಾಕಿ. ನಿಮ್ಮ ಕಾರಿನ ಸ್ವಂತ ಹಾನಿಯ ಪ್ರೀಮಿಯಂ 9,000 ಅಂದುಕೊಳ್ಳಿ. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ 50% ನೋ ಕ್ಲೇಮ್ ಬೋನಸ್, ಕಟ್ಟುವುದು 4,500. ಒಂದೇ ಒಂದು ಕ್ಲೇಮ್ ಆದರೆ ಬೋನಸ್ ಸೊನ್ನೆ. ಆಮೇಲೆ 20, 25, 35, 45 ಅಂತ ಮತ್ತೆ ಹತ್ತಬೇಕು. ಐದು ವರ್ಷದಲ್ಲಿ ಕೈಬಿಟ್ಟದ್ದು 11,250. ಮೇಲೆ 1,500 ಸಿಸಿ ಒಳಗಿನ ಕಾರಿಗೆ ಪ್ರತಿ ಕ್ಲೇಮ್‌ಗೂ 1,000 ನಾವೇ ಹಾಕಬೇಕು.

ಕಪ್ಪು ಕ್ರೆಟಾ, ಬೆಂಗಳೂರು: ಕಾರಿನ ಬೆಲೆ ವರ್ಷವರ್ಷ ಇಳಿಯುತ್ತದೆ, ಪ್ರೀಮಿಯಂ 9,000ದಲ್ಲೇ ನಿಲ್ಲುತ್ತಾ? ಅಲ್ಲದೆ ಬೋನಸ್ ಕಾಪಾಡುವ ಆಡ್-ಆನ್ ಅಂತ ಒಂದಿದೆ, ಕೇಳಿದ್ದೀರಾ?

ಬೆಳ್ಳಿ ವ್ಯಾಗನಾರ್, ಮೈಸೂರು: ಆ ಆಡ್-ಆನ್ ಪುಕ್ಕಟೆ ಸಿಗುತ್ತಾ? ಹೆಚ್ಚು ಕಡಿಮೆ ಲೆಕ್ಕ ಇದು, ಪರೀಕ್ಷೆ ಅಲ್ಲ.

ಟಿಂಕರಿಂಗ್ ಅಣ್ಣ: ನೀವಿಬ್ಬರೂ ಸ್ವಲ್ಪ ನಿಲ್ಲಿಸಿ. ಮೇಷ್ಟ್ರೇ, ಇದನ್ನು ಪೂರ್ತಿ ಓದಿ. ಈಗಿನ ಬಂಪರ್ ಪ್ಲಾಸ್ಟಿಕ್. ಗುದ್ದಿದಾಗ ಒಳಗೆ ಹೋಗಿ, ಮತ್ತೆ ವಾಪಸ್ ಬಂದು, ಏನೂ ಆಗೇ ಇಲ್ಲ ಅನ್ನುವ ಹಾಗೆ ಕೂರುತ್ತದೆ. ಅದರ ಹಿಂದಿನ ತಗಡು ವಾಪಸ್ ಬರಲ್ಲ. ಹೋದ ವರ್ಷ ಇಂಥದ್ದೇ ಒಂದು ಕಾರು ಬಂತು, ಹೊರಗೆ ಬರೀ ಗೀರು. ಬಂಪರ್ ಬಿಚ್ಚಿದರೆ ಹಿಂದಿನ ತಗಡು ನನ್ನ ಅಂಗೈ ಕೂರುವಷ್ಟು ಒಳಗೆ ಮಡಚಿತ್ತು. ಈಗ ನೀವು ಮಾಡಬೇಕಾದ್ದು ಇಷ್ಟು. ಡಿಕ್ಕಿ ಮುಚ್ಚಿ, ಅದಕ್ಕೂ ಪಕ್ಕದ ಬಾಡಿಗೂ ನಡುವಿನ ಸಂದಿಗೆ ಒಂದು ರೂಪಾಯಿಯ ನಾಣ್ಯಗಳನ್ನು ಒಂದರ ಮೇಲೊಂದು ಹಿಡಿದು ತೂರಿಸಿ. ಎಡಗಡೆ ಮೂರು ಹೋಗಿ ಬಲಗಡೆ ಒಂದೇ ಹೋದರೆ ಅಲ್ಲಿಗೇ ಅರ್ಧ ಉತ್ತರ ಸಿಕ್ಕಿತು. ಆಮೇಲೆ ಡಿಕ್ಕಿ ಒಳಗಿನ ಮ್ಯಾಟ್ ಎತ್ತಿ, ಸ್ಟೆಪ್ನಿ ಹೊರಗೆ ತೆಗೆದು, ಆ ಗುಂಡಿಯ ಹಿಂಗೋಡೆ ನೋಡಿ. ಟಾರ್ಚ್ ಹಾಕಿ, ಇಲ್ಲಿ ಬೇಕು. ತಗಡಿನಲ್ಲಿ ಸೀರೆಯ ನಿರಿಗೆಯ ಹಾಗೆ ಗೆರೆ ಇದೆಯಾ? ಜೋಡಣೆಗೆ ಹಚ್ಚಿದ ಗಟ್ಟಿ ಸೀಲಂಟ್ ಬಿರುಕು ಬಿಟ್ಟಿದೆಯಾ, ಬಣ್ಣ ಸಿಪ್ಪೆಯ ಹಾಗೆ ಎದ್ದಿದೆಯಾ? ಕೊನೆಗೆ ಡಿಕ್ಕಿ ಮುಚ್ಚಿ ಸಂದಿಯ ಮೇಲೆ ಒಂದು ಬಕೆಟ್ ನೀರು ನಿಧಾನವಾಗಿ ಸುರಿದು ಒಳಗೆ ಒದ್ದೆಯಾಗಿದೆಯಾ ನೋಡಿ. ಸೀಲ್ ಸರಿಯಾಗಿ ಕೂರದಿದ್ದರೆ ಮಳೆ ನೀರು ಸ್ಟೆಪ್ನಿ ಗುಂಡಿಯಲ್ಲಿ ನಿಂತು ಕೆಳಗಿನಿಂದ ತುಕ್ಕು ಹಿಡಿಯುತ್ತದೆ, ನಿಮಗೆ ಗೊತ್ತೇ ಆಗಲ್ಲ. ಸೈಲೆನ್ಸರ್ ಹೊಗೆಯೂ ಒಳಗೆ ಬರಬಹುದು. ಮುಖ್ಯವಾಗಿ ಯಾರಾದರೂ ‘ಲಾಕ್ ಅಡ್ಜಸ್ಟ್ ಮಾಡಿ ಕೊಡ್ತೀನಿ, ಇನ್ನೂರು ಕೊಡಿ’ ಅಂದರೆ ಒಪ್ಪಬೇಡಿ. ಲಾಕಿನ ಕೊಕ್ಕೆ ಒಂದೆರಡು ಮಿಲಿಮೀಟರ್ ಸರಿಸಿದರೆ ಡಿಕ್ಕಿ ಹೂವಿನ ಹಾಗೆ ಮುಚ್ಚಿಕೊಳ್ಳುತ್ತದೆ, ಮಡಚಿದ ತಗಡು ಹಾಗೇ ಉಳಿಯುತ್ತದೆ. ನಿಮ್ಮ ವಿಷಯದಲ್ಲಿ ಕ್ಲೇಮ್ ಬೇಕಾಗಬಹುದು, ಅದಕ್ಕೇ ಇವತ್ತೇ ಫೋಟೋ ತೆಗೆದಿಟ್ಟು ಇನ್ಶೂರೆನ್ಸ್‌ನವರಿಗೆ ತಿಳಿಸಿ. ಹಾನಿ ಅಳೆಯಲು ಅವರು ಕಳಿಸುವ ಸರ್ವೇಯರ್ ನೋಡುವ ಮೊದಲು ಒಂದು ಬೋಲ್ಟನ್ನೂ ಬಿಚ್ಚಿಸಬೇಡಿ. ನಾಣ್ಯದ ಫೋಟೋ ಇಲ್ಲಿ ಹಾಕಿ, ಕಾಯುತ್ತಿರುತ್ತೇನೆ.

ಕಿತ್ತಳೆ ಪಂಚ್, ರಾಯಚೂರು: ಡ್ಯಾಶ್‌ಕ್ಯಾಮ್ ಯಾವುದು ಒಳ್ಳೆಯದು?

ನೀಲಿ ಟಿಯಾಗೊ, ಕುಂದಾಪುರ: ಅಣ್ಣ, ಎರಡು ತಿಂಗಳ ಹಿಂದೆ ಕೆಂಪುಕಲ್ಲಿನ ಗೋಡೆಗೆ ಬಾಗಿಲು ಉಜ್ಜಿತ್ತು. ವ್ಯಾಕ್ಸ್ ಹಾಕಿ ಬಿಟ್ಟಿದ್ದೆ. ಈಗ ಗೀರಿನ ತುದಿಯಲ್ಲಿ ಕಂದು ಚುಕ್ಕೆ ಕಾಣುತ್ತಿದೆ. ಕಲ್ಲಿನ ಬಣ್ಣವೇ ಇರಬೇಕು, ಅಲ್ವಾ?

ಟಿಂಕರಿಂಗ್ ಅಣ್ಣ: ಅಲ್ಲ. ತುಕ್ಕು. ಕಡಲ ಗಾಳಿಗೆ ತಗಡು ಎರಡು ತಿಂಗಳು ತೆರೆದಿಟ್ಟರೆ ಇನ್ನೇನಾಗುತ್ತದೆ. ವ್ಯಾಕ್ಸ್ ತುಕ್ಕನ್ನು ನಿಲ್ಲಿಸಲ್ಲ, ಟಚಪ್ ಪೆನ್ ಮೇಲೆ ಬಳಿದರೂ ಒಳಗೆ ಹರಡಿ ಬಣ್ಣ ಗುಳ್ಳೆ ಏಳುತ್ತದೆ. ತುಕ್ಕನ್ನು ಹೊಳೆಯುವ ತಗಡು ಕಾಣುವವರೆಗೆ ಉಜ್ಜಿ, ಎಪಾಕ್ಸಿ ಪ್ರೈಮರ್ ಹೊಡೆದು, ಆಮೇಲೆ ಬಣ್ಣ. ಈ ವಾರವೇ ಮಾಡಿಸಿ, ಇದಕ್ಕೆ ಕಾಯುವ ಹಾಗಿಲ್ಲ.

ಕೆಂಪು ಕ್ವಿಡ್, ಮಂಡ್ಯ: ನಾನೇ ತಾಗಿಸಿದ್ದು. ಮಗಳ ಶಾಲೆ ಹತ್ತಿರ, ಕಂಬಕ್ಕೆ, ಮುಂದಿನ ಬಂಪರ್. ನಮ್ಮ ಯಜಮಾನರು ಬೈಯಲಿಲ್ಲ, ಆ ಜಾಗ ಒರೆಸುತ್ತಾ ನಿಂತಿದ್ದರು. ಬೈದಿದ್ದರೇ ವಾಸಿಯಿತ್ತು. ಆರು ದಿನದಿಂದ ನಾನು ಕೀ ಮುಟ್ಟಿಲ್ಲ, ಮಗಳನ್ನು ಆಟೋದಲ್ಲಿ ಕಳಿಸುತ್ತಿದ್ದೇನೆ. ಬೇಗ ಬಣ್ಣ ಹೊಡೆಸಿಬಿಟ್ಟರೆ ಸರಿಹೋಗುತ್ತಾ?

ಕಪ್ಪು ಕ್ರೆಟಾ, ಬೆಂಗಳೂರು: ಅದಕ್ಕೇ ಹೇಳೋದು, ಲೇಡೀಸ್ ಕೈಗೆ ಹೊಸ ಗಾಡಿ ಕೊಡಬಾರದು ಅಂತ 😀

ಬಿಳಿ ಬ್ರೆಝಾ, ತುಮಕೂರು: ಸಣ್ಣ ಗೀರಿಗೂ ಕ್ಲೇಮ್ ಮಾಡಿಸುತ್ತೇನೆ ಅಂತ ಮೇಲೆ ಬರೆದವರು ನೀವೇ ತಾನೇ? ಅವೆಲ್ಲ ಯಾವ ಲೇಡೀಸ್ ಬಂದು ಗೀರಿದ್ದು? ನಾನೂ ಹೆಂಗಸೇ, ನನ್ನ ಬ್ರೆಝಾಕ್ಕೆ ಅರಿಶಿನದ ಕಲೆ ಬಿಟ್ಟು ಬೇರೇನೂ ಇಲ್ಲ.

ಕಪ್ಪು ಕ್ರೆಟಾ, ಬೆಂಗಳೂರು: ತಮಾಷೆಗೆ ಹೇಳಿದ್ದು ಮೇಡಂ. ಇಲ್ಲಿ ಎಲ್ಲದಕ್ಕೂ ಉರಿದು ಬೀಳುತ್ತಾರಪ್ಪ.

ಹಸಿರು ಜಿಮ್ನಿ, ಮಡಿಕೇರಿ: ಒಂದು ಗೀರಿಗೆ ಇಷ್ಟು ಗೋಳಾ? ಕಾರು ಓಡಿಸೋಕೆ ಇರೋದು, ದೇವರ ಕೋಣೆಯಲ್ಲಿ ಇಡೋಕಲ್ಲ.

ಬಿಳಿ ಬಲೆನೋ, ಹಾಸನ: ಏಳು ವರ್ಷದ ಲೋನ್ ನಿಮ್ಮ ಹೆಸರಲ್ಲಿ ಇದ್ದಿದ್ದರೆ ಹೀಗೆ ಹೇಳುತ್ತಿರಲಿಲ್ಲ.

ಬೆಳ್ಳಿ ವ್ಯಾಗನಾರ್, ಮೈಸೂರು: ಏಳು ವರ್ಷದ ಲೋನ್ ತಗೊಂಡಿದ್ದೇ ಮೊದಲ ತಪ್ಪು. ಬಡ್ಡಿ ಲೆಕ್ಕ ಹಾಕಿದ್ದೀರಾ?

ಬಿಳಿ ಬಲೆನೋ, ಹಾಸನ: ನಿಮ್ಮನ್ನು ಯಾರು ಕೇಳಿದರು ಸ್ವಾಮಿ?

ಟಿಂಕರಿಂಗ್ ಅಣ್ಣ: ಮಂಡ್ಯದ ಅಕ್ಕನಿಗೆ ಮಾತ್ರ ಉತ್ತರ. ಬಂಪರ್ ಪ್ಲಾಸ್ಟಿಕ್, ತುಕ್ಕು ಹಿಡಿಯಲ್ಲ. ಬಿರುಕು ಇಲ್ಲ, ಕ್ಲಿಪ್ ಬಿಟ್ಟಿಲ್ಲ ಅಂದರೆ ಆರು ತಿಂಗಳು ಹಾಗೇ ಇದ್ದರೂ ಏನೂ ಆಗಲ್ಲ. ಈಗ ಬಣ್ಣ ಹೊಡೆಸಬೇಡಿ. ಹೊಡೆಸಿದರೆ ನೀವು ಇನ್ನೂ ಹೆದರಿ ಕೀ ಮುಟ್ಟದೇ ಉಳಿಯುತ್ತೀರಿ. ನಾಳೆಯಿಂದ ಓಡಿಸಿ, ಇನ್ನೆರಡು ಗೀರು ಬೀಳಲಿ, ಎಲ್ಲ ಸೇರಿಸಿ ಒಂದೇ ಸಲ ಹೊಡೆಯೋಣ. ಬಂಪರ್ ಪೂರ್ತಿ ಹೊಡೆಯುವಾಗ ಒಂದು ಗೀರಿದ್ದರೂ ಮೂರಿದ್ದರೂ ನನ್ನ ಕೂಲಿ ಅಷ್ಟೇ. ಯಜಮಾನರಿಗೂ ಇದನ್ನೇ ಓದಿಸಿ.

ಕಂದು ಸೆಲ್ಟೋಸ್, ಬೆಳಗಾವಿ: ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಗೀರು ಬೀಳಲ್ವಾ?

ಟಿಂಕರಿಂಗ್ ಅಣ್ಣ: ಬೀಳುತ್ತದೆ.

ಕಂದು ಸೆಲ್ಟೋಸ್, ಬೆಳಗಾವಿ: ಮತ್ತೆ 20,000 ಯಾಕೆ ತಗೊಂಡರು?

ಬಿಳಿ ಪೋಲೋ, ಹುಬ್ಬಳ್ಳಿ: ಸರ್, ಬಾಗಿಲಲ್ಲಿ ಸಣ್ಣ ನೆಗ್ಗು ಇದೆ, ಬಣ್ಣ ಹೋಗಿಲ್ಲ. ಬಿಸಿನೀರು ಸುರಿದು ಐಸ್ ಇಟ್ಟರೆ ಟಪ್ ಅಂತ ಹೊರಗೆ ಬರುತ್ತದಂತೆ?

ಟಿಂಕರಿಂಗ್ ಅಣ್ಣ: ಪ್ಲಾಸ್ಟಿಕ್ ಬಂಪರ್ ಆದರೆ ಬಿಸಿನೀರಿಗೆ ಮೆತ್ತಗಾಗಿ, ಒಳಗಿನಿಂದ ತಳ್ಳಿದರೆ ಬರಬಹುದು. ಬಾಗಿಲು ತಗಡು. ಅದಕ್ಕೆ ಬಣ್ಣ ಹೊಡೆಯದೇ ಒಳಗಿನಿಂದ ಸರಳು ಹಾಕಿ ಎತ್ತುವವರು ಇದ್ದಾರೆ, ಅವರ ಹತ್ತಿರ ಹೋಗಿ. ಕಂಪನಿ ಬಣ್ಣ ಉಳಿಯುತ್ತದೆ. ಐಸು ಜ್ಯೂಸಿಗೆ ಹಾಕಿ.

ಗ್ರೇ ಐ20, ಬೆಂಗಳೂರು: ಪೇಸ್ಟ್ ಬೇಡ ಅಂದಿರಿ, ಸರಿ. ತೆಂಗಿನೆಣ್ಣೆ?

ಟಿಂಕರಿಂಗ್ ಅಣ್ಣ: ತಲೆಗೆ ಹಚ್ಚಿಕೊಳ್ಳಿ. ತಂಪಾಗುತ್ತದೆ.

ಗ್ರೇ ಐ20, ಬೆಂಗಳೂರು: ಕೇಳಿದ್ದಕ್ಕೆ ಹೀಗಾ ಮಾತಾಡೋದು? ಗೊತ್ತಿಲ್ಲ ಅಂತ ತಾನೇ ಕೇಳುತ್ತಿರುವುದು.

ಅಡ್ಮಿನ್: ಇಬ್ಬರೂ ಬಿಡಿ. ಅಣ್ಣ ಬೆಳಿಗ್ಗೆಯಿಂದ ಬರೆಯುತ್ತಿದ್ದಾರೆ.

ಕಿತ್ತಳೆ ಪಂಚ್, ರಾಯಚೂರು: ಡ್ಯಾಶ್‌ಕ್ಯಾಮ್ ಬಗ್ಗೆ ಯಾರೂ ಹೇಳಲಿಲ್ಲ.

ಬಿಳಿ ಬಲೆನೋ, ಹಾಸನ: ಅಣ್ಣ, ಪಾಲಿಷ್ ಹಚ್ಚಿ ಉಜ್ಜಿದೆ, ಮುಕ್ಕಾಲು ಪಾಲು ಗೇಟಿನ ಕಪ್ಪು ಬಣ್ಣವೇ ಆಗಿತ್ತು! ಈಗ ಎರಡು ಬೆರಳಿನಷ್ಟು ಮಾತ್ರ ಉಳಿದಿದೆ, ಉಗುರು ಜಾರುತ್ತದೆ. ಗೇಟಿಗೆ ರಬ್ಬರ್ ಹೊಡೆಸಿದೆ.

ಬೂದು ಡಿಜೈರ್, ದಾವಣಗೆರೆ: ಫೋಟೋ ಹಾಕಿದ್ದೇನೆ. ಎಡಗಡೆ ಸಂದಿಗೆ ಮೂರು ನಾಣ್ಯ ಸಲೀಸಾಗಿ ಹೋದವು, ಬಲಗಡೆ ಒಂದು ಹೋಗಿ ಎರಡನೆಯದು ಸಿಕ್ಕಿಕೊಂಡಿತು. ಗುಂಡಿಯ ಹಿಂಗೋಡೆಯಲ್ಲಿ ನೀವು ಹೇಳಿದ ನಿರಿಗೆ ಇದೆ, ಬಲಗಡೆಗೆ. ನೀರು ಸುರಿಯುವ ಅಗತ್ಯವೇ ಬೀಳಲಿಲ್ಲ, ಶುಕ್ರವಾರದ ಮಳೆಯ ನೀರು ಒಂದು ಲೋಟದಷ್ಟು ಅಲ್ಲೇ ನಿಂತಿತ್ತು. ಇನ್ಶೂರೆನ್ಸ್‌ಗೆ ಫೋನ್ ಮಾಡಿದೆ, ಮಂಗಳವಾರ ಸರ್ವೇಯರ್ ಬರುತ್ತಾರಂತೆ. ಆಟೋದ ನಂಬರ್ ಬರೆದುಕೊಳ್ಳಲಿಲ್ಲ.

ಟಿಂಕರಿಂಗ್ ಅಣ್ಣ: ನೋಡಿದೆ. ಬಲಗಡೆ ಹೊಡೆತ, ತಗಡು ಎಳೆದು ಸರಿ ಮಾಡಬೇಕು, ಆಗುತ್ತದೆ. ನೀರು ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಮಂಗಳವಾರದವರೆಗೆ ನೆರಳಲ್ಲಿ, ಮಳೆ ಬೀಳದ ಕಡೆ ನಿಲ್ಲಿಸಿ. ತೆಗೆದ ಸ್ಟೆಪ್ನಿ ವಾಪಸ್ ಒಳಗಿಟ್ಟಿರಾ? ಜಾಸ್ತಿ ಜನ ಅದನ್ನು ವರಾಂಡದಲ್ಲೇ ಮರೆತು ಬರುತ್ತಾರೆ.