ಬೈದ್ರೆ ಏರುತ್ತೆ, ಹೊಗಳಿದ್ರೆ ಇಳಿಯುತ್ತೆ

ನಮ್ಮ ಮನೆ ಗುಂಪಲ್ಲಿ ಭಾನುವಾರ ನಡೆದ ಮಾತು ಇದು. ಹೆಸರು ತೆಗೆದು ಸಂಬಂಧ ಮಾತ್ರ ಇಟ್ಟಿದ್ದೀನಿ. ತಂಗಿ, ತಮ್ಮ ಅಂದ್ರೆ ಚಿಕ್ಕಪ್ಪನ ಮಕ್ಕಳು.

ದೊಡ್ಡಪ್ಪ: ಎಲ್ಲರಿಗೂ ಶುಭೋದಯ. ಇವತ್ತು ಬಿಪಿ 137

ದೊಡ್ಡಪ್ಪ (ಫಾರ್ವರ್ಡ್): ತಪ್ಪದೆ ಓದಿ, ಮಕ್ಕಳಿಗೂ ಓದಿಸಿ. ವಿದೇಶಿ ಸಂಶೋಧನೆಯಿಂದ ಸಾಬೀತು!! ಚೆನ್ನಾಗಿ ಕೆಲಸ ಮಾಡಿದವರನ್ನು ಹೊಗಳಿದಾಗ ಮುಂದಿನ ತಿಂಗಳು ಅವರ ಕೆಲಸ ಕುಸಿಯಿತು. ಕಳಪೆ ಕೆಲಸ ಮಾಡಿದವರಿಗೆ ಬೈದಾಗ ಮುಂದಿನ ತಿಂಗಳು ಏರಿತು. ಹೊಗಳಿಕೆ ಸೋಮಾರಿ ಮಾಡುತ್ತದೆ, ಗದರಿಕೆ ಬೆಳೆಸುತ್ತದೆ. 10 ಜನರಿಗೆ ಕಳಿಸಿ.

ಅತ್ತೆ: ನೂರಕ್ಕೆ ನೂರು ನಿಜ ಅಣ್ಣ

ಭಾವ: ಮಾವ, ಯಾವ ಸಂಶೋಧನೆ? ಯಾರು ಮಾಡಿದ್ದು, ಯಾವ ವರ್ಷ, ಎಷ್ಟು ಜನರ ಮೇಲೆ?

ದೊಡ್ಡಪ್ಪ: ಎಲ್ಲದಕ್ಕೂ ಮೂಲ ಕೇಳ್ತೀರಲ್ಲ ಅಳಿಯಂದಿರೇ. 31 ವರ್ಷ ಜನರ ಕೈಲಿ ಕೆಲಸ ಮಾಡಿಸಿದ್ದೀನಿ, ಕಣ್ಣಾರೆ ಕಂಡಿದ್ದೀನಿ, ಅದಕ್ಕಿಂತ ಮೂಲ ಬೇಕಾ

ಭಾವ: ಮೊಬೈಲ್ ಟವರ್ ಮೆಸೇಜ್ ಕಳಿಸಿದಾಗಲೂ ಇದೇ ಮಾತು ಹೇಳಿದ್ರಿ

ಅಕ್ಕ: ರೀ, ಬೆಳಿಗ್ಗೆ ಬೆಳಿಗ್ಗೆ ಶುರು ಮಾಡ್ಬೇಡಿ

ಅತ್ತೆ: ಅಪ್ಪ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕೋ ದಿನ ನೆನಪಿದ್ಯಾ ಅಣ್ಣ, ನಾವು ಮೂರೂ ಜನ ಸಾಲಾಗಿ ನಿಂತ್ಕೊತಿದ್ವಿ, ಅಪ್ಪ ಪೆನ್ನಿನ ಕ್ಯಾಪ್ ತೆಗೆಯೋ ಸದ್ದಿಗೇ ನನ್ನ ಕೈ ತಣ್ಣಗಾಗ್ತಿತ್ತು, ಒಂದು ಸಲ ನಿನಗೆ ಕಡಿಮೆ ಬಂದಿತ್ತು ಅಂತ ಕಾರ್ಡನ್ನ ಟ್ರಂಕಿನ ಅಡಿ ಬಚ್ಚಿಟ್ಟಿದ್ದೆ ನೋಡು

ದೊಡ್ಡಪ್ಪ: ಬಚ್ಚಿಟ್ಟಿದ್ದು ನೀನು, ಏಟು ತಿಂದಿದ್ದು ನಾನು. ಅದಕ್ಕೇ ಮುಂದಿನ ಸಲ ಜಾಸ್ತಿ ಬಂತು

ತಂಗಿ: ದೊಡ್ಡಪ್ಪ ಇವತ್ತು ಈ ಮೆಸೇಜ್ ನೋಡಿ ತುಂಬಾ ಬೇಜಾರಾಯ್ತು. ಶುಕ್ರವಾರ ನಮ್ಮ ಟೀಮಿಗೆ ವಾರ್ನಿಂಗ್ ಮೇಲ್ ಬಂದಿದೆ, ಕ್ಲೋಸ್ ಮಾಡಿದ ಕಂಪ್ಲೇಂಟ್ 54ರಿಂದ 41ಕ್ಕೆ ಬಂತು ಅಂತ. "24% ಕುಸಿತ" ಅಂತ ಕೆಂಪು ಅಕ್ಷರದಲ್ಲಿ ಹಾಕಿದ್ದಾರೆ, ಎಲ್ಲರ ಮುಂದೆ ಕಾರಣ ಬರೆದು ಕೊಡಿ ಅಂದ್ರು. ಕಾರಣ ಏನಂತ ಬರೀಲಿ, ಇಡೀ ತಿಂಗಳು ಮಾಡಿದ್ದೇ ಮಾಡಿದ್ದೀವಿ

ದೊಡ್ಡಪ್ಪ: ಬೇಜಾರು ಮಾಡ್ಕೋಬೇಡಮ್ಮ. ಮುಂದಿನ ತಿಂಗಳು ನೋಡು, ತಾನಾಗೇ ಏರುತ್ತೆ

ನಾನು: ಏರುತ್ತೆ ಅಂತ ನಾನೂ ಒಪ್ತೀನಿ ದೊಡ್ಡಪ್ಪ, ಆದ್ರೆ ಬೈದಿದ್ದಕ್ಕಲ್ಲ. ತಂಗಿ, ಒಂದು ವರ್ಷದ ನಂಬರ್ ಇದ್ರೆ ಹಾಕು

ತಂಗಿ: 52, 47, 55, 50, 44, 53, 58, 49, 51, 46, 54, 41

ತಮ್ಮ: ಅಣ್ಣ ಎಕ್ಸೆಲ್ ತೆಗೆದ 😀

ನಾನು: ತೆಗೆದೆ. ಮೊದಲು ಇದನ್ನ ನೋಡಿ. ಸರಾಸರಿ ಸರಿಯಾಗಿ 50. ಕೊನೇ ತಿಂಗಳನ್ನ ಬಿಡಿ, ಅದರ ಮುಂದಿಂದು ಇನ್ನೂ ಬಂದಿಲ್ಲ. ಸರಾಸರಿಗಿಂತ ಮೇಲೆ ಹೋದ ತಿಂಗಳು 6, ಅದರಲ್ಲಿ 5 ಸಲ ಮುಂದಿನ ತಿಂಗಳು ಇಳಿದಿದೆ. ಕೆಳಗೆ ಬಂದ ತಿಂಗಳು 4, ನಾಲ್ಕೂ ಸಲ ಮುಂದಿನ ತಿಂಗಳು ಏರಿದೆ. ಫಾರ್ವರ್ಡ್ ಹೇಳಿದ ಹಾಗೇ ಇದೆ ಅಲ್ವಾ? ಈಗ ತಂಗಿ ನೀನು ಹೇಳು, ಈ ಶುಕ್ರವಾರಕ್ಕೆ ಮುಂಚೆ ಯಾರಾದ್ರೂ ನಿಮ್ಮನ್ನ ಬೈದಿದ್ರಾ, ಹೊಗಳಿದ್ರಾ?

ತಂಗಿ: ಇಲ್ಲ ಅಣ್ಣ. ಇಷ್ಟು ದಿನ ಆ ನಂಬರನ್ನ ಯಾರೂ ತಿರುಗಿ ನೋಡಿರಲಿಲ್ಲ. ಹೊಸ ಮ್ಯಾನೇಜರ್ ಬಂದ್ಮೇಲೇ ಇದೆಲ್ಲ

ನಾನು: ನೋಡಿ, ಯಾರೂ ಬಾಯೇ ಬಿಡದೆ ಏರಿದೆ ಇಳಿದಿದೆ. ತುಂಬಾ ಮೇಲೆ ಹೋಗಿದ್ದು ಸರಾಸರಿ ಕಡೆ ವಾಪಸ್ ಬರುತ್ತೆ, ತುಂಬಾ ಕೆಳಗೆ ಬಂದಿದ್ದೂ ಅಷ್ಟೇ. ಫ್ರಾನ್ಸಿಸ್ ಗಾಲ್ಟನ್ ಅನ್ನೋ ಇಂಗ್ಲೆಂಡಿನ ವಿಜ್ಞಾನಿ ಇದನ್ನ 1886ರಲ್ಲೇ ಅಪ್ಪ ಅಮ್ಮನ ಎತ್ತರ, ಮಕ್ಕಳ ಎತ್ತರ ಹೋಲಿಸಿ ತೋರಿಸಿದ್ದ. ಭಾವ ಮೂಲ ಕೇಳಿದ್ರಲ್ಲ, ಫಾರ್ವರ್ಡಿನ ಮಾತು ಹೆಚ್ಚುಕಮ್ಮಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಹೇಳಿದ ಪ್ರಸಂಗವೇ, ಆದ್ರೆ ತಲೆಕೆಳಗಾಗಿ ಬಂದಿದೆ. ವಿಮಾನ ಹಾರಿಸೋದು ಕಲಿಸೋ ಇಸ್ರೇಲಿ ಇನ್‌ಸ್ಟ್ರಕ್ಟರ್ ಒಬ್ಬ ಹೊಗಳಿದ್ರೆ ಕೆಡ್ತಾರೆ, ಕಿರುಚಿದ್ರೆ ಸುಧಾರಿಸ್ತಾರೆ ಅಂದಿದ್ದ. ಅವನು ಕಂಡಿದ್ದು ನಿಜ, ಕೊಟ್ಟ ಕಾರಣ ತಪ್ಪು ಅಂತ ಕಾನಮನ್ ಅಲ್ಲೇ ತೋರಿಸಿದ್ರು. 2002ರಲ್ಲಿ ನೊಬೆಲ್ ಬಂದವರು ಅವರು

ಭಾವ: ಹಾಗೆ ಹೇಳಿ ಮತ್ತೆ. ಆದ್ರೂ 41 ಅನ್ನೋದು ವರ್ಷದಲ್ಲೇ ಕಡಿಮೆ, ಅದನ್ನ ಸುಮ್ಮನೆ ಬಿಡಕ್ಕಾಗುತ್ತಾ?

ನಾನು: ಅದಕ್ಕೇ ಕಂಟ್ರೋಲ್ ಚಾರ್ಟ್ ಇರೋದು, ಅಂದ್ರೆ ಎಂದಿನ ಏರಿಳಿತಕ್ಕೆ ಮೇಲೊಂದು ಕೆಳಗೊಂದು ಗೆರೆ ಹಾಕಿದ ಗ್ರಾಫ್. ಪ್ರತಿ ತಿಂಗಳು ಹಿಂದಿನ ತಿಂಗಳಿಗಿಂತ ಎಷ್ಟು ಹೆಚ್ಚುಕಮ್ಮಿ ಆಯ್ತು ಅಂತ ಬರ್ಕೊಳಿ: 5, 8, 5, 6, 9, 5, 9, 2, 5, 8, 13. ಸರಾಸರಿ 6.8. ಅದನ್ನ 2.66ರಿಂದ ಗುಣಿಸಿದ್ರೆ 18, ಅದನ್ನ 50ರಿಂದ ಕಳೆದು, 50ಕ್ಕೆ ಕೂಡಿಸಿದ್ರೆ ಎರಡು ಗೆರೆ. ಅಂದ್ರೆ ಈ ಕೆಲಸ ಈಗ ನಡೀತಿರೋ ರೀತೀಲೇ ನಡೆದ್ರೆ ತಿಂಗಳ ನಂಬರ್ 32ರಿಂದ 68ರ ಒಳಗೆ ಎಲ್ಲಿ ಬೇಕಾದ್ರೂ ಬೀಳಬಹುದು, ಯಾರೂ ಏನೂ ತಪ್ಪು ಮಾಡದೆ. 41 ಅದರ ಒಳಗೇ ಇದೆ. 13ರ ಜಿಗಿತಕ್ಕೂ ಬೇರೆ ಗೆರೆ ಇದೆ, 6.8ನ್ನ 3.27ರಿಂದ ಗುಣಿಸಿದ್ರೆ 22, ಅದನ್ನೂ ಮುಟ್ಟಿಲ್ಲ. ಆ ವಾರ್ನಿಂಗ್ ಮೇಲ್‌ನಲ್ಲಿರೋ 24% ಬರೀ ಸದ್ದು, ಅಂದ್ರೆ ಕಾರಣ ಹುಡುಕೋಕೆ ಏನೂ ಇಲ್ಲದ ಎಂದಿನ ಏರಿಳಿತ. ಎರಡೇ ತಿಂಗಳು ಹೋಲಿಸಿ ಕೆಂಪು ಅಕ್ಷರ ಹಾಕೋ ಈ ಅಭ್ಯಾಸ ಇದ್ಯಲ್ಲ, ಎಷ್ಟು ಜನರ ನಿದ್ದೆ ಕೆಡಿಸಿದೆಯೋ ಇದು

ಭಾವ: 2.66 ಎಲ್ಲಿಂದ ಬಂತು? 12 ತಿಂಗಳು ಸಾಕಾ?

ನಾನು: ಸಿಗ್ಮಾ ಅಂದ್ರೆ ಏರಿಳಿತದ ಅಳತೆ, ಗೆರೆ ಹಾಕೋದು ಸರಾಸರಿಯಿಂದ 3 ಸಿಗ್ಮಾ ದೂರಕ್ಕೆ. ಆ 3ನ್ನ 1.128ರಿಂದ ಭಾಗಿಸಿ ಭಾವ. ಪಕ್ಕಪಕ್ಕದ ಎರಡೆರಡು ಪಾಯಿಂಟ್ ಹೋಲಿಸೋದ್ರಿಂದ ಆ 1.128. ಪಾಯಿಂಟ್ ಕಡಿಮೆ ಇದ್ದಷ್ಟೂ ಗೆರೆ ಸ್ವಲ್ಪ ಸಡಿಲ, ಆದ್ರೆ ಎರಡು ಪಾಯಿಂಟ್ ನೋಡಿ ವಾರ್ನಿಂಗ್ ಕೊಡೋದಕ್ಕಿಂತ ಎಷ್ಟೋ ವಾಸಿ. ಈ ಚಾರ್ಟ್ ಹೊಸದೇನಲ್ಲ, ಟೆಲಿಫೋನ್ ಸಾಮಾನು ಮಾಡೋ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನೀಲಿ ವಾಲ್ಟರ್ ಶೂಹಾರ್ಟ್ ಅನ್ನೋರು 1924ರ ಮೇ 16ಕ್ಕೆ ಮೇಲಧಿಕಾರಿಗೆ ಚಿಕ್ಕದೊಂದು ಟಿಪ್ಪಣಿ ಬರೆದು ಮೊದಲ ಚಾರ್ಟ್ ಕೊಟ್ಟಿದ್ದು

ತಮ್ಮ: ಹಾಗಾದ್ರೆ ನನ್ನದೂ ಒಂದು ಹೇಳಿಬಿಡ್ತೀನಿ. ಒಂಬತ್ತನೇ ಕ್ಲಾಸಲ್ಲಿ ಗಣಿತದಲ್ಲಿ 78 ಆದ್ಮೇಲೆ 61 ಬಂದಾಗ ದೊಡ್ಡಪ್ಪ ಎಲ್ಲರ ಮುಂದೆ "ಇವನು ಉದ್ಧಾರ ಆಗಲ್ಲ" ಅಂದಿದ್ರು. ಅದಾದ್ಮೇಲೆ 74 ಬಂತು, "ನೋಡಿದ್ರಾ" ಅಂತ ಅವರೇ ಹೇಳ್ಕೊಂಡ್ರು. 78 ಬಂದಾಗ ಯಾರೂ ಏನೂ ಅಂದಿರಲಿಲ್ಲ

ಅಕ್ಕ: ಅದು ಇನ್ನೂ ನೆನಪಿದ್ಯಾ ನಿಂಗೆ

ತಮ್ಮ: ಹೇಗೆ ಮರೀಲಿ ಅಕ್ಕ, ಅವತ್ತು ನೀವೆಲ್ಲ ನಕ್ಕಿದ್ರಿ

ಅತ್ತೆ: ದೊಡ್ಡವರು ಒಳ್ಳೇದಕ್ಕೇ ಹೇಳ್ತಾರೆ ಕಣೋ. ಈಗಿನ ಮಕ್ಕಳಿಗೆ ಒಂದು ಮಾತು ಅನ್ನೋ ಹಾಗಿಲ್ಲ

ದೊಡ್ಡಪ್ಪ: ಆಯ್ತಪ್ಪ, ಚಾರ್ಟ್ ಪ್ರಕಾರ ಯಾರ ತಪ್ಪೂ ಇಲ್ಲ. ಎಲ್ಲರೂ ಕಾಲು ಚಾಚಿ ಮಲಗಿ, ನಂಬರ್ ತಾನಾಗೇ ಬರುತ್ತೆ

ನಾನು: ಹಾಗಲ್ಲ ದೊಡ್ಡಪ್ಪ. 50 ಸಾಲದು ಅನ್ನೋದಾದ್ರೆ ಕೆಲಸ ನಡೆಯೋ ರೀತೀನೇ ಬದಲಾಯಿಸ್ಬೇಕು. ಕಂಪ್ಲೇಂಟ್ ಯಾರ ಹತ್ರ ಹೋಗಿ ನಿಲ್ಲುತ್ತೆ, ಯಾಕೆ ಎರಡೆರಡು ಸಲ ವಾಪಸ್ ಬರುತ್ತೆ, ಅದನ್ನ ಸರಿ ಮಾಡೋದು ಮ್ಯಾನೇಜರ್ ಕೆಲಸ. ಡೆಮಿಂಗ್ ಅಂತ ಒಬ್ಬರಿದ್ರು, 1950ರಲ್ಲಿ ಜಪಾನಿಗೆ ಹೋಗಿ ಇದನ್ನ ಪಾಠ ಮಾಡಿದವರು. ಒಂದು ಪೆಟ್ಟಿಗೇಲಿ ಬಿಳಿ ಮಣಿ, ಕೆಂಪು ಮಣಿ ಬೆರೆಸಿ, ಐದರಲ್ಲಿ ಒಂದು ಕೆಂಪು, 50 ಗುಳಿ ಇರೋ ಹಲಗೆ ಕೊಟ್ಟು ಮಣಿ ತೆಗೀರಿ, ಕೆಂಪು ಬರಬಾರದು ಅಂತ ಗದರೋರು. ಕಡಿಮೆ ಬಂದವರಿಗೆ ಶಭಾಷ್, ಜಾಸ್ತಿ ಬಂದವರಿಗೆ ಬೈಗುಳ. ಪಾಪ ತೆಗೆಯೋರ ಕೈಲಿ ಏನಿದೆ ಹೇಳಿ, ಪೆಟ್ಟಿಗೇಲಿ ಇದ್ದಿದ್ದು ಬರುತ್ತೆ

ನಾನು: ಹಾಗಂತ ಯಾವಾಗಲೂ ಬರೀ ಸದ್ದು ಅಂತಲೂ ಅಲ್ಲ. ಗೆರೆ ದಾಟಿದ್ರೆ ಸಿಗ್ನಲ್. ಗೆರೆ ದಾಟದೇ ಇದ್ರೂ ಸತತ 8 ಪಾಯಿಂಟ್ ಮಧ್ಯದ ಗೆರೆಯ, ಅಂದ್ರೆ ಸರಾಸರಿಯ, ಒಂದೇ ಕಡೆ ಬಿದ್ರೂ ಸಿಗ್ನಲ್, ನಾಣ್ಯ ಚಿಮ್ಮಿದ್ರೆ ಎಂಟೂ ಸಲ ಹೆಡ್ಸ್ ಬೀಳೋದು 256ರಲ್ಲಿ ಒಂದು ಸಲ. ಆಗ ಏನು ಬದಲಾಯ್ತು ಅಂತ ಹುಡುಕಲೇಬೇಕು

ನಾನು: ದೊಡ್ಡಪ್ಪ ತಪ್ಪು ತಿಳ್ಕೋಬೇಡಿ. ನೀವು ದಿನಾ ಹಾಕೋ ಬಿಪಿ ನಂಬರನ್ನೂ ಮೇಲೆ ಸ್ಕ್ರೋಲ್ ಮಾಡಿ ಈಗ ಗ್ರಾಫ್ ಹಾಕಿದೆ. 29 ದಿನದ್ದು ಇದೆ. ಮೊದಲ 20 ದಿನ ಸರಾಸರಿ 128, ದಿನಕ್ಕೆ ಸರಾಸರಿ 5 ಹೆಚ್ಚುಕಮ್ಮಿ, ಗೆರೆ ಸುಮಾರು 115ರಿಂದ 141. ಆಮೇಲಿನ 9 ದಿನ: 131, 134, 130, 136, 132, 135, 131, 133, 137. ಒಂದೂ ಗೆರೆ ದಾಟಿಲ್ಲ, ಅದಕ್ಕೇ ನಾವ್ಯಾರೂ ಗಮನಿಸಿಲ್ಲ, ಕೈಮುಗಿಯೋ ಗುರುತು ಹಾಕಿ ಮುಂದೆ ಹೋಗ್ತಿದ್ವಿ. ಆದ್ರೆ ಒಂಬತ್ತಕ್ಕೆ ಒಂಬತ್ತೂ 128ರ ಮೇಲೇ ಇವೆ. ನಾನು ಡಾಕ್ಟರ್ ಅಲ್ಲ, ಆದ್ರೆ ಆ 9 ದಿನ ಶುರುವಾದ ಶನಿವಾರದಿಂದ ಏನೋ ಬದಲಾಗಿದೆ

ಭಾವ: ಹೌದಲ್ಲ

ಅಕ್ಕ: ದೊಡ್ಡಪ್ಪ?

ಅತ್ತೆ: ಅಣ್ಣ ಮಾತಾಡು

ದೊಡ್ಡಮ್ಮ: ನಾನೇ ಹೇಳ್ತೀನಿ. ಮೊನ್ನೆ ಶುಕ್ರವಾರ ಅಲ್ಲ, ಅದರ ಹಿಂದಿನ ಶುಕ್ರವಾರ ಬೆಳಿಗ್ಗೆ 121 ಬಂತು. ಇನ್ನು ನಂಗೇನೂ ಇಲ್ಲ ಅಂತ ಮಾರನೇ ದಿನದಿಂದ ಮಾತ್ರೆ ಮುರಿದು ಅರ್ಧ ತಗೋತಿದ್ದಾರೆ. ಉಳಿದ ಅರ್ಧವನ್ನ ಕನ್ನಡಕದ ಡಬ್ಬೀಲಿ ಇಟ್ಟಿದ್ದಾರೆ, ಒಂಬತ್ತು ಚೂರು ಇವೆ, ಈಗ ಎಣಿಸಿದೆ

ಭಾವ: ಮಾವ ಯಾರನ್ನ ಕೇಳಿ ಮಾಡಿದ್ರಿ ಇದನ್ನ

ಅಕ್ಕ: ರೀ ಈಗ ಬೇಡ

ನಾನು: ಭಾವ ಬೈಯಬೇಡಿ. ದೊಡ್ಡಪ್ಪ, ಆ 121 ಕೂಡ ತಂಗಿಯ 41 ಇದ್ದ ಹಾಗೇ, ಎಂದಿನ ಏರಿಳಿತದ ಒಂದು ದಿನ ಅಷ್ಟೇ. ನೀವಾಗಿ ಪೂರ್ತಿ ಮಾತ್ರೆಗೂ ಹೋಗ್ಬೇಡಿ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಅರ್ಧ ಮಾಡಿದ್ದನ್ನ ಹೇಳಿ, ಅವರು ಹೇಳಿದ ಹಾಗೆ ಮಾಡಿ. ನಂಗೆ ನಿಜವಾಗಲೂ ಹೆದರಿಕೆ ಆಗ್ತಿದೆ

ತಂಗಿ: ದೊಡ್ಡಪ್ಪ ಪ್ಲೀಸ್

ತಮ್ಮ: ದೊಡ್ಡಪ್ಪ ಬೆಳಿಗ್ಗೆ ನಾನು ಬರ್ತೀನಿ, ಜೊತೇಲಿ ಹೋಗೋಣ

ಅತ್ತೆ: ಟ್ರಂಕಿನ ಅಡಿ ಮಾರ್ಕ್ಸ್ ಕಾರ್ಡ್ ಇಟ್ಟ ಹಾಗೆ ಇಡ್ತೀಯಲ್ಲ ಅಣ್ಣ

ಸಂಜೆವರೆಗೂ ಅವರಿಂದ ಮಾತಿಲ್ಲ. ನೀಲಿ ಟಿಕ್ ಮಾತ್ರ ಬಂದಿತ್ತು. ತಂಗಿ ತನ್ನ 12 ತಿಂಗಳ ಗ್ರಾಫನ್ನ ಕಾರಣದ ಪತ್ರದ ಜಾಗಕ್ಕೆ ಲಗತ್ತಿಸಿ ಮ್ಯಾನೇಜರಿಗೆ ಕಳಿಸಿದೆ ಅಂತ ಬರೆದಳು. ಎಂಟು ಗಂಟೆಗೆ ಇದು ಬಂತು.

ದೊಡ್ಡಪ್ಪ: ಡಾಕ್ಟರ್ ಹತ್ರ ಮಾತಾಡಿದೆ. ನಾಳೆ 11 ಗಂಟೆಗೆ ಬನ್ನಿ ಅಂದ್ರು. ತಮ್ಮನಿಗೆ ಹತ್ತಕ್ಕೇ ಬರಕ್ಕೆ ಹೇಳಿ. ಅವನ 74ನ್ನ ನಾನು ನನ್ನ ಲೆಕ್ಕಕ್ಕೆ ಹಾಕ್ಕೊಬಾರದಿತ್ತು

ದೊಡ್ಡಪ್ಪ: ಆ ಗ್ರಾಫ್ ಪ್ರಿಂಟ್ ತಗೊಂಡು ಹೋಗ್ಲಾ? ಮಧ್ಯದ ಗೆರೆ ದಪ್ಪಗೆ ಹಾಕಿ ಕಳಿಸು