ಅವ್ವ, ಅಪ್ಪ, ಮಗಳನ್ನು ಕರೆದುಕೊಂಡು ಒಂದು ದಿನ ಲಾಲ್‌ಬಾಗ್‌ಗೆ: ಹೋಗಿಬಂದವರು ಸ್ವಲ್ಪ ಹೇಳಿ

ಕೇಳಿದವರು, ಹಾವೇರಿಯಿಂದ

ಎಲ್ಲರಿಗೂ ನಮಸ್ಕಾರ. ಲಾಲ್‌ಬಾಗ್ ನೋಡಬೇಕು ಅಂತ ನಮ್ಮ ಅವ್ವ ಎಷ್ಟೋ ವರ್ಷದಿಂದ ಹೇಳುತ್ತಿದ್ದಾಳೆ. ಈ ಆಗಸ್ಟ್‌ನಲ್ಲಿ ಕರೆದುಕೊಂಡು ಬರೋಣ ಅಂತಿದ್ದೇನೆ. ರಾತ್ರಿ ರೈಲು ಹತ್ತಿ ಬೆಳಗ್ಗೆ ಯಶವಂತಪುರದಲ್ಲಿ ಇಳಿಯುತ್ತೇವೆ, ಅದೇ ದಿನ ರಾತ್ರಿ ವಾಪಸ್. ಅಪ್ಪನಿಗೆ 74 ವರ್ಷ, ಚೆನ್ನಾಗಿ ನಡೆಯುತ್ತಾರೆ. ಅವ್ವನಿಗೆ ಮೊಣಕಾಲು ನೋವು, ಅರ್ಧ ಗಂಟೆಗಿಂತ ಜಾಸ್ತಿ ನಡೆಯಲು ಆಗಲ್ಲ. ಮಗಳಿಗೆ 7. ಫಲಪುಷ್ಪ ಪ್ರದರ್ಶನ ಇರುವಾಗಲೇ ಬರಬೇಕಾ, ಇಲ್ಲ ಬೇರೆ ದಿನ ಒಳ್ಳೆಯದಾ? ಯಾವ ಗೇಟಿನಿಂದ ಹೋಗಬೇಕು? ಏನು ನೋಡದೆ ಬಿಡಬಾರದು? ಹೋಗಿಬಂದ ಅನುಭವ ಇದ್ದವರು ಹೇಳಿ, ಪುಣ್ಯ ಬರುತ್ತದೆ.

ಬಸವನಗುಡಿಯಿಂದ, ದಿನಾ ವಾಕಿಂಗ್ ಹೋಗುವವರು

ತಂಗಿ, ಮೊದಲು ಒಂದು ಮಾತು. ಲಾಲ್‌ಬಾಗ್ 240 ಎಕರೆ ಇದೆ. ಒಂದೇ ದಿನದಲ್ಲಿ ಎಲ್ಲ ನೋಡಿಬಿಡೋಣ ಅಂತ ಹೊರಟರೆ ಅವ್ವನ ಮೊಣಕಾಲೂ ಹೋಗುತ್ತದೆ, ಮಗಳ ಉತ್ಸಾಹವೂ ಹೋಗುತ್ತದೆ. ನಾನು 22 ವರ್ಷದಿಂದ ದಿನಾ ಬೆಳಗ್ಗೆ ಹೋಗುತ್ತಿದ್ದೇನೆ, ಇನ್ನೂ ಸರಿಯಾಗಿ ನೋಡದ ಮರಗಳಿವೆ. ಹಾಗಾಗಿ ನಾಲ್ಕೇ ನಾಲ್ಕು ಜಾಗ ಇಟ್ಟುಕೊಳ್ಳಿ, ಪ್ರತಿ ಜಾಗದಲ್ಲೂ ಕೂತುಕೊಳ್ಳಿ.

ಯಶವಂತಪುರದಲ್ಲಿ ಇಳಿಯುವುದು ನಿಮಗೆ ತುಂಬಾ ಅನುಕೂಲ. ಅಲ್ಲೇ ಮೆಟ್ರೋ ಇದೆ, ಹಸಿರು ಮಾರ್ಗ. ಎಲ್ಲೂ ಬದಲಾಯಿಸದೆ ನೇರವಾಗಿ ಲಾಲ್‌ಬಾಗ್ ನಿಲ್ದಾಣಕ್ಕೆ ಬರಬಹುದು. ಮೆಜೆಸ್ಟಿಕ್‌ನಲ್ಲಿ ಅರ್ಧ ಜನ ಇಳಿಯುತ್ತಾರೆ, ನೀವು ಇಳಿಯಬೇಡಿ. ಆಮೇಲೆ ಚಿಕ್ಕಪೇಟೆ, ಮಾರ್ಕೆಟ್, ನ್ಯಾಷನಲ್ ಕಾಲೇಜು, ನಂತರದ್ದೇ ಲಾಲ್‌ಬಾಗ್. ನಿಲ್ದಾಣದಲ್ಲಿ ಲಿಫ್ಟ್ ಇದೆ, ಅವ್ವನಿಗೆ ಮೆಟ್ಟಿಲು ಬೇಡ. ಹೊರಗೆ ಬಂದರೆ ಪಶ್ಚಿಮ ಗೇಟು ಹತ್ತಿರವೇ ಸಿಗುತ್ತದೆ.

ಬೆಳಗ್ಗೆ 6ಕ್ಕೆ ಗೇಟು ತೆಗೆಯುತ್ತಾರೆ. ರೈಲು ನಿಲ್ದಾಣದಲ್ಲೇ ಮುಖ ತೊಳೆದು, ಕಾಫಿ ಕುಡಿದು 7 ಅಥವಾ 7.30ಕ್ಕೆ ಒಳಗಿದ್ದರೆ ಸಾಕು. ಆ ಹೊತ್ತಿನ ಬಿಸಿಲು ಎಲೆಗಳ ಮಧ್ಯದಿಂದ ಓರೆಯಾಗಿ ಇಳಿಯುತ್ತದೆ. 11ರ ಮೇಲೆ ಅದೇ ಜಾಗಕ್ಕೆ ಬಂದರೆ ಬೇರೆ ಊರಿಗೆ ಬಂದ ಹಾಗಿರುತ್ತದೆ, ಅಷ್ಟು ವ್ಯತ್ಯಾಸ.

ಪಶ್ಚಿಮ ಗೇಟಿನಿಂದ ಒಳಗೆ ಬಂದು ಮೊದಲು ಗಾಜಿನಮನೆ. 1889ರಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಇದಕ್ಕೆ ಅಡಿಗಲ್ಲು ಹಾಕಿದ್ದು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ನೋಡಿ ಕಟ್ಟಿದ್ದು. ಪ್ರದರ್ಶನ ಇಲ್ಲದ ದಿನ ಒಳಗೆ ಬಿಡದೆ ಇರಬಹುದು, ಬೇಜಾರಾಗಬೇಡಿ. ಅದರ ಚಂದ ಇರುವುದೇ ಹೊರಗಿನಿಂದ ನೋಡಿದಾಗ. ಸುತ್ತಮುತ್ತ ದೊಡ್ಡವರು ಬಂದಾಗ ನೆಟ್ಟ ಮರಗಳಿವೆ, ಬುಡದಲ್ಲಿ ಕಲ್ಲಿನ ಫಲಕ ಇದೆ. 1961ರಲ್ಲಿ ರಾಣಿ ಎಲಿಜಬೆತ್ ನೆಟ್ಟ ಅರೊಕೇರಿಯಾ ಕೂಡ ಇದೆ. ಫಲಕ ಓದುತ್ತಾ ಹೋಗುವ ಕೆಲಸ ಅಪ್ಪನಿಗೆ ಕೊಡಿ, ಅವರಿಗೆ ಖುಷಿಯಾಗುತ್ತದೆ.

ಆಮೇಲೆ ಅವ್ವನಿಗೆ ಬ್ಯಾಟರಿ ಗಾಡಿ. ಇದನ್ನು ಮರೆಯಬೇಡಿ. ತೋಟದೊಳಗೆ ಓಡಾಡುತ್ತದೆ, ಟಿಕೆಟ್ ತೆಗೆದುಕೊಂಡು ಕೂತರೆ ಮುಖ್ಯ ಜಾಗಗಳನ್ನೆಲ್ಲ ತೋರಿಸುತ್ತದೆ. ನಮ್ಮ ಅಮ್ಮನಿಗೆ 80 ಆದಾಗ ನಾನು ಇದೇ ಮಾಡಿದೆ. ಮೊದಲು ಗಾಡಿಯಲ್ಲಿ ಒಂದು ಸುತ್ತು, ಆಮೇಲೆ ಅಮ್ಮನಿಗೆ ಇಷ್ಟವಾದ ಎರಡು ಜಾಗಕ್ಕೆ ಮಾತ್ರ ನಡೆದು ಹೋದೆವು. ಅಮ್ಮ ಆರಿಸಿದ್ದು ಕೆರೆ ದಂಡೆಯ ಕಲ್ಲು ಬೆಂಚು. ಒಂದು ಗಂಟೆ ಪಕ್ಷಿ ನೋಡುತ್ತಾ ಕೂತಿದ್ದರು. ನೀರುಕಾಗೆ ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸಿಕೊಳ್ಳುತ್ತಿತ್ತು. "ನೋಡೋ, ಸೀರೆ ಒಣಹಾಕಿದ ಹಾಗಿದೆ" ಅಂದರು. ಈಗ ಅಮ್ಮ ಇಲ್ಲ. ಆ ಬೆಂಚಿನ ಹತ್ತಿರ ಬಂದಾಗ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತದೆ.

ಕೊನೆಗೆ ಬಂಡೆ. ಅದು ಡಬಲ್ ರೋಡ್ ಕಡೆಯ ಮುಖ್ಯ ಗೇಟಿನ ಹತ್ತಿರ. ಮೇಲೆ ಕೆಂಪೇಗೌಡರ ಗೋಪುರ ಇದೆ. ಅಪ್ಪ, ಮಗಳು ಹತ್ತಲಿ, ಅವ್ವ ಕೆಳಗೆ ನೆರಳಲ್ಲಿ ಕೂರಲಿ. ಬಂಡೆ ಮೇಲೆ ಮಳೆ ಬಿದ್ದಿದ್ದರೆ ಜಾರುತ್ತದೆ, ಆಗಸ್ಟ್ ಅಂದಿರಲ್ಲ, ಅದಕ್ಕೇ ಹೇಳಿದೆ. ಹಳೆಯ ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಸಿ.

ಎರಡು ಮಕ್ಕಳ ತಾಯಿ, ವಿಜಯನಗರ

ಪ್ರದರ್ಶನದ ಬಗ್ಗೆ ನಾನು ಹೇಳುತ್ತೇನೆ ಅಕ್ಕ. ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಗಣರಾಜ್ಯೋತ್ಸವದ ಹೊತ್ತಿಗೆ ಒಂದು, ಸ್ವಾತಂತ್ರ್ಯ ದಿನದ ಹೊತ್ತಿಗೆ ಒಂದು. 2022ರ ಆಗಸ್ಟ್‌ನಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್ ನೆನಪಿಗೆ ಮಾಡಿದ್ದರಲ್ಲ, ಆಗ ಹೋಗಿದ್ದೆವು. ಗಾಜನೂರಿನ ಮನೆಯನ್ನು ಹೂವಿನಲ್ಲೇ ಕಟ್ಟಿ ನಿಲ್ಲಿಸಿದ್ದರು. ಹತ್ತಿರ ಹೋದರೆ ಗೋಡೆ ತುಂಬಾ ಒತ್ತೊತ್ತಾಗಿ ಹೂವು. ನಮ್ಮ ಅತ್ತೆ ಅಪ್ಪು ಪ್ರತಿಮೆ ಮುಂದೆ ಕೈಮುಗಿದು ನಿಂತುಬಿಟ್ಟರು, ಕಣ್ಣಲ್ಲಿ ನೀರು. ಅದನ್ನು ನೋಡದೆ ಇದ್ದಿದ್ದರೆ ಖಂಡಿತ ಬೇಜಾರಾಗುತ್ತಿತ್ತು.

ಆದರೆ ಜನ! ನಾವು ಹೋಗಿದ್ದು ಭಾನುವಾರ, ಅದೇ ತಪ್ಪಾಯಿತು. ಗಾಜಿನಮನೆ ಒಳಗೆ ನಿಂತು ನೋಡುವ ಹಾಗಿಲ್ಲ, ಹಿಂದಿನವರು ತಳ್ಳುತ್ತಿರುತ್ತಾರೆ. ಚಿಕ್ಕ ಮಗನಿಗೆ ಆಗ 5 ವರ್ಷ. ಹೊರಗೆ ಬರುವಾಗ ಕೈ ಬಿಟ್ಟುಹೋಯಿತು. ಹತ್ತು ನಿಮಿಷ ಸಿಗಲಿಲ್ಲ. ಆ ಹತ್ತು ನಿಮಿಷ ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ. ಅವನ ಅಂಗೈ ಮೇಲೆ ಪೆನ್ನಿನಲ್ಲಿ ಫೋನ್ ನಂಬರ್ ಬರೆದಿದ್ದೆ. ಕಡಲೆಕಾಯಿ ಮಾರುವ ಒಬ್ಬ ಅಮ್ಮ ಅದನ್ನು ನೋಡಿ, ಪಕ್ಕದವರ ಮೊಬೈಲಿನಿಂದ ಫೋನ್ ಮಾಡಿಸಿದರು. ನೀವು ಯಾವ ದಿನ ಬಂದರೂ ಮಗಳ ಕೈ ಮೇಲೆ ನಂಬರ್ ಬರೆಯಿರಿ. ಮಳೆ ಬರುತ್ತದೆ, ಬೆವರು ಬರುತ್ತದೆ, ಅದಕ್ಕೆ ಅಳಿಸದ ಪೆನ್ನು ತಂದುಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, ಅವ್ವನಿಗೆ ಹೂವಿನ ಅಲಂಕಾರ ನೋಡುವ ಆಸೆ ಇದ್ದರೆ ಪ್ರದರ್ಶನಕ್ಕೇ ಬನ್ನಿ, ಆದರೆ ವಾರದ ಮಧ್ಯೆ, ಬೆಳಗ್ಗೆ ಶುರುವಾಗುತ್ತಿದ್ದ ಹಾಗೆ. ಶನಿವಾರ, ಭಾನುವಾರ, 15ನೇ ತಾರೀಖು ಮೂರೂ ಬೇಡ. ತೋಟ ನೋಡುವ ಆಸೆ ಇದ್ದರೆ ಪ್ರದರ್ಶನ ಮುಗಿದ ಮೇಲೆ ಬನ್ನಿ. ಮುಗಿದ ಮರುದಿನವಲ್ಲ, ಆಗ ಕಂಬ, ಶಾಮಿಯಾನ ಬಿಚ್ಚುತ್ತಿರುತ್ತಾರೆ. ಒಂದು ವಾರ ಬಿಟ್ಟು ಬನ್ನಿ.

ಸಸ್ಯಶಾಸ್ತ್ರ ಕಲಿಸುತ್ತಿದ್ದ ನಿವೃತ್ತ ಮೇಷ್ಟ್ರು, ಮೈಸೂರು

ಮೇಲಿನ ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ಮರಗಳ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ. ಯಾಕಂದರೆ ಹೂವು ಎಲ್ಲ ಕಡೆ ಸಿಗುತ್ತವೆ, ಈ ಮರಗಳು ಸಿಗುವುದಿಲ್ಲ. 1760ರಲ್ಲಿ ಹೈದರ್ ಅಲಿ ಸುಮಾರು 40 ಎಕರೆಯಲ್ಲಿ ಶುರು ಮಾಡಿದ ತೋಟ ಇದು. ಟಿಪ್ಪು ದೂರದ ದೇಶಗಳಿಂದ ಸಸಿ, ಬೀಜ ತರಿಸಿದ. ಆಮೇಲೆ ತೋಟದ ಉಸ್ತುವಾರಿ ಹೊತ್ತ ಕ್ಯಾಮರಾನ್, ಕ್ರುಂಬಿಗಲ್, ಜವರಾಯ, ಮರಿಗೌಡ, ಒಬ್ಬರಾದ ಮೇಲೆ ಒಬ್ಬರು ಬೆಳೆಸಿದರು. ನಾವು ಪಲ್ಯ, ಸಾಂಬಾರಿಗೆ ಹಾಕುವ ಸೀಮೆಬದನೆ ಬೆಂಗಳೂರಿಗೆ ಬಂದದ್ದು ಕ್ಯಾಮರಾನ್ ಕಾಲದಲ್ಲಿ, ಇದೇ ತೋಟದ ಮೂಲಕ. ಅವ್ವನಿಗೆ ಇದನ್ನು ಹೇಳಿ.

ಮಗಳಿಗೆ ತೋರಿಸಬೇಕಾದ್ದು ಮೂರು. ಮೊದಲನೆಯದು ದೊಡ್ಡ ಬಿಳಿ ಬೂರುಗದ ಮರ. ಸುಮಾರು 200 ವರ್ಷದ್ದು. ಬೇರುಗಳು ನೆಲದಿಂದ ಗೋಡೆಯ ಹಾಗೆ ಎದ್ದು ನಿಂತಿವೆ. ಎರಡು ಬೇರಿನ ಮಧ್ಯೆ ಒಂದು ಮಗು ನಿಂತರೆ ಪೂರಾ ಮುಚ್ಚಿಹೋಗುತ್ತದೆ. ಈಗ ಮರಕ್ಕೆ ಬೇಲಿ ಇದ್ದರೆ ದಾಟಿ ಹೋಗಬೇಡಿ. ಎಲ್ಲರೂ ಬುಡ ತುಳಿದರೆ ಮಣ್ಣು ಗಟ್ಟಿಯಾಗುತ್ತದೆ, ಬೇರಿಗೆ ಗಾಳಿ, ನೀರು ಸಿಗುವುದಿಲ್ಲ. ದಯವಿಟ್ಟು ಮಗುವಿಗೂ ಅದನ್ನೇ ಹೇಳಿ.

ಎರಡನೆಯದು ನಾಗಲಿಂಗ. ಇದರ ಹೂವು ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ, ಕಾಂಡದಿಂದಲೇ ನೇರವಾಗಿ ಇಳಿಬೀಳುತ್ತದೆ. ಕೆಳಗೆ ಉದುರಿದ ಹೂವನ್ನು ಎತ್ತಿ ಮಗಳ ಅಂಗೈಯಲ್ಲಿ ಇಡಿ. ದಪ್ಪ ದಪ್ಪ ಎಸಳು, ಒಳಗೆ ಬಾಗಿದ ಹೆಡೆ, ಹೆಡೆಯ ಕೆಳಗೆ ಪುಟ್ಟ ಲಿಂಗ. ಹೆಡೆಯ ಒಳಗಿರುವುದು ನೂರಾರು ಕೇಸರಗಳು. ವಾಸನೆ ಬೆರಳಿಗೆ ಅಂಟಿಕೊಂಡು ತುಂಬಾ ಹೊತ್ತು ಇರುತ್ತದೆ. ಕಾಯಿ ಫಿರಂಗಿ ಗುಂಡಿನ ಹಾಗೆ ಇರುತ್ತದೆ, ತುಂಬಾ ಭಾರ. ಅದಕ್ಕೆ ಮರದ ಸರಿ ಕೆಳಗೆ ಜಾಸ್ತಿ ಹೊತ್ತು ನಿಲ್ಲಬಾರದು.

ಮೂರನೆಯದು ಬಂಡೆಯೇ. ಸುಮಾರು 300 ಕೋಟಿ ವರ್ಷ ಹಳೆಯದು. ಸುಮ್ನೆ ಹತ್ತಿ ಇಳಿಯಬೇಡಿ, ಒಂದು ಕಡೆ ಕುಕ್ಕರಗಾಲಲ್ಲಿ ಕೂತು ನೋಡಿ. ಬಿಳಿ ಪಟ್ಟೆ, ಕಪ್ಪು ಪಟ್ಟೆ ಅಲೆಅಲೆಯಾಗಿ ಹೋಗಿರುವುದು ಕಾಣುತ್ತದೆ. ನೆಲದ ಆಳದಲ್ಲಿ ಬಿಸಿಗೆ, ಒತ್ತಡಕ್ಕೆ ಕಲ್ಲು ಮೆತ್ತಗಾಗಿ ಮಡಚಿಕೊಂಡ ಗುರುತು ಅದು. ನಮ್ಮ ದಕ್ಷಿಣ ಭಾರತದ ತಳಪಾಯವೇ ಈ ಕಲ್ಲು. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಇದಕ್ಕೆ ಪೆನಿನ್ಸುಲರ್ ನೈಸ್, ಅಂದರೆ ಪರ್ಯಾಯ ದ್ವೀಪದ ಪಟ್ಟೆ ಕಲ್ಲು, ಅಂತ ಹೆಸರಿಟ್ಟರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ, ಅಲ್ಲಿ ಫಲಕ ಇದೆ. ನಾನು ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುತ್ತಿದ್ದೆ. ಗೋಪುರದ ಹತ್ತಿರ ಸೆಲ್ಫಿ ತೆಗೆದುಕೊಂಡು ಓಡುತ್ತಿದ್ದ ಹುಡುಗರು, ವಯಸ್ಸು ಹೇಳಿದ ತಕ್ಷಣ ಕೂತು ಕಲ್ಲಿನ ಮೇಲೆ ಕೈಯಾಡಿಸುತ್ತಿದ್ದರು.

ಇನ್ನೊಂದು. ಆಗಸ್ಟ್‌ನಲ್ಲಿ ಮರಗಳೆಲ್ಲ ಹಸಿರು, ಹೂವಿನ ಕಾಲವಲ್ಲ. ಮುಂದೆ ಯಾವತ್ತಾದರೂ ಫೆಬ್ರವರಿ, ಮಾರ್ಚ್‌ನಲ್ಲಿ ಬರುವ ಹಾಗಿದ್ದರೆ ಗುಲಾಬಿ ಬಣ್ಣದ ಟಬೂಬಿಯಾ, ನೀಲಿ ಜಕರಂಡ ನೋಡಬಹುದು. ಏಪ್ರಿಲ್ ಕೊನೆಯಿಂದ ಗುಲ್‌ಮೊಹರ್.

ಜಯನಗರದಿಂದ ಒಬ್ಬರು

ಊಟ, ತಿಂಡಿ ಯಾರೂ ಹೇಳಲೇ ಇಲ್ಲ! ಮುಖ್ಯ ಗೇಟಿನಿಂದ ಹೊರಗೆ ಬಂದರೆ ಲಾಲ್‌ಬಾಗ್ ರಸ್ತೆಯಲ್ಲಿ ಎಂಟಿಆರ್ ಹತ್ತಿರದಲ್ಲೇ ಇದೆ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ರವೆ ಇಡ್ಲಿ ಶುರುವಾದದ್ದು ಅವರಲ್ಲೇ. ರಜೆ ದಿನ ಕಾಯಬೇಕಾಗುತ್ತದೆ, ಹಸಿವಾಗುವ ಮುಂಚೆಯೇ ಹೊರಡಿ. ಒಳಗೆ ಹಾಪ್‌ಕಾಮ್ಸ್ ಮಳಿಗೆಯಲ್ಲಿ ಹಣ್ಣು, ಜ್ಯೂಸ್ ಸಿಗುತ್ತದೆ. ಪ್ಲಾಸ್ಟಿಕ್ ಕವರ್ ತರಬೇಡಿ, ನೀರಿಗೆ ಸ್ಟೀಲ್ ಬಾಟಲಿ ತನ್ನಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅವ್ವನಿಗೆ ಓದಿ ಹೇಳಿದೆ. ಪ್ರದರ್ಶನ ಬೇಡ, ಮರ ನೋಡೋಣ ಅಂದಳು. ಇನ್ನೊಂದೇ ಪ್ರಶ್ನೆ. ಅವಳಿಗೆ ಲಾಲ್‌ಬಾಗ್‌ನಿಂದ ಒಂದು ಸಸಿ ಬೇಕಂತೆ. ರೈಲಿನಲ್ಲಿ ತರುವುದು ಹೇಗೆ?

ಬಸವನಗುಡಿಯಿಂದ

ಒಳಗೇ ನರ್ಸರಿ ಇದೆ. ಎಲ್ಲ ನೋಡಿ ಮುಗಿದ ಮೇಲೆ ಕೊನೆಗೆ ತೆಗೆದುಕೊಳ್ಳಿ, ಇಲ್ಲಾಂದ್ರೆ ದಿನವಿಡೀ ಹೊತ್ತು ತಿರುಗಬೇಕು. ಗಿಡ ಚಿಕ್ಕದಿರಲಿ, ಒಂದು ಮೊಳದ ಒಳಗೆ. ಹೊರಡುವ ಮುಂಚೆ ಬುಡಕ್ಕೆ ನೀರು ಹಾಕಿ ಬಸಿಯಲು ಬಿಡಿ. ಬುಡಕ್ಕೆ ಒದ್ದೆ ಗೋಣಿಬಟ್ಟೆ ಸುತ್ತಿ ಬಟ್ಟೆ ಚೀಲದಲ್ಲಿ ನೆಟ್ಟಗೆ ಇಡಿ. ರೈಲಿನಲ್ಲಿ ಸೀಟಿನ ಕೆಳಗೆ ಇಟ್ಟರೆ ಯಾರಾದರೂ ಒದೆಯುತ್ತಾರೆ, ಮೂಲೆ ನೋಡಿ ಇಡಿ.

ಕೇಳಿದವರು, ಹೋಗಿಬಂದ ಮೇಲೆ

ಹೋಗಿಬಂದೆವು. ಪ್ರದರ್ಶನ ಮುಗಿದು ವಾರ ಆದಮೇಲೆ, ಬುಧವಾರ. ಮುಂದೆ ಬರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

7.45ಕ್ಕೆ ಒಳಗಿದ್ದೆವು. ರಾತ್ರಿ ಮಳೆ ಬಂದಿತ್ತು, ದಾರಿ ಒದ್ದೆ. ಬಂಡೆ ಹತ್ತಲು ಕಾವಲಿನವರು ಸ್ವಲ್ಪ ಒಣಗಲಿ ಅಂದರು, 10ರ ಮೇಲೆ ಅಪ್ಪ, ಮಗಳು ಹತ್ತಿದರು. ಹಾಗಾಗಿ ಮಳೆಗಾಲದಲ್ಲಿ ಬಂಡೆಯನ್ನು ಕೊನೆಗೇ ಇಟ್ಟುಕೊಳ್ಳಿ. ಗಾಡಿಯಲ್ಲಿ ಒಂದು ಸುತ್ತು ಹಾಕಿದೆವು. ಮೇಷ್ಟ್ರೇ, ಬೂರುಗದ ಮರ ಹತ್ತಿರ ಬಂದಾಗ ಅಪ್ಪ ಟೋಪಿ ತೆಗೆದರು. ಯಾಕೆ ಅಂತ ನಾನು ಕೇಳಲಿಲ್ಲ.

ನಾಗಲಿಂಗದ ಹೂವು ಎರಡು ಸಿಕ್ಕವು. ಮಗಳು ಒಂದನ್ನು ಕರವಸ್ತ್ರದಲ್ಲಿ ಸುತ್ತಿ ಶಾಲೆಗೆ ಒಯ್ದಳು. ಅಷ್ಟೊತ್ತಿಗೆ ಕಂದು ಬಣ್ಣಕ್ಕೆ ತಿರುಗಿತ್ತು, ಆದರೂ ವಾಸನೆ ಇತ್ತಂತೆ. ಕೈ ಮೇಲಿನ ನಂಬರ್ ಎರಡು ದಿನ ಹೋಗಲಿಲ್ಲ.

ಮಧ್ಯಾಹ್ನ ಕೆರೆ ಹತ್ತಿರ ಕೂತಿದ್ದೇ ಜಾಸ್ತಿ. ಅವ್ವ ಮೂರು ಜಾಗದಲ್ಲಿ ನಡೆದಳು, ಒಟ್ಟು ಮುಕ್ಕಾಲು ಗಂಟೆ ಇರಬಹುದು. ರಾತ್ರಿ ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಂಡಳು, ನೋವು ಅನ್ನಲಿಲ್ಲ.

ಸಸಿ ತಂದದ್ದು ಸಂಪಿಗೆ. ಮೂರು ಎಲೆ ಉದುರಿದವು, ನಿನ್ನೆ ತುದಿಯಲ್ಲಿ ಹೊಸ ಚಿಗುರು ಕಾಣಿಸಿದೆ. ಬಾವಿ ಕಟ್ಟೆ ಪಕ್ಕ ನೆಟ್ಟಿದ್ದೇವೆ. ಸಂಪಿಗೆಗೆ ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು, ಮೇಷ್ಟ್ರು ಹೇಳಿದರೆ ಒಳ್ಳೆಯದಿತ್ತು. ಅವ್ವ ದಿನಾ ಎರಡು ಸಲ ಹಾಕುತ್ತಿದ್ದಾಳೆ.